ಕೊಂಕಲ್ಲಿನಲ್ಲಿ ಘಟ್ಟ ಮೊಳೆಯಲಿಲ್ಲ

ಸುಂದ್ರಮ್ಮ ಸಲಿಕೆ ಹಾಕಿದ್ದು ಮಣ್ಣಿಗೆ. ಕಂಡದ್ದು ತಲೆ.

ಕೊಂಕಲ್ ಶಾಲೆಯ ಬಯಲಿನಲ್ಲಿ ಆಳೆತ್ತರದ ಕರಿಮಣ್ಣಿನ ಗುಡ್ಡೆ. ನವರಾತ್ರಿಯ ಐದನೆಯ ದಿನ, ಬೆಳಗಿನ ಏಳು ಗಂಟೆ. ಅವಳು ಬುಟ್ಟಿ ಹಿಡಿದು ಬಂದದ್ದು ದೇವಿಯ ಘಟ್ಟಕ್ಕೆ ಹೊಸ ಮಣ್ಣು ಒಯ್ಯಲು. ಸೋಮವಾರ, ಹಬ್ಬದ ಮೊದಲ ದಿನ, ಇದೇ ಮಣ್ಣನ್ನು ಎಲೆಯ ಮೇಲೆ ಹರವಿ, ನಡುವೆ ನೀರಿನ ಗಡಿಗೆಯಿಟ್ಟು, ಸುತ್ತ ಕಾಳು ಬಿತ್ತಿ ಘಟ್ಟ ಹಾಕಿದ್ದಳು. ಐದು ದಿನಕ್ಕೆ ಬೆರಳುದ್ದ ಹಸಿರೇಳಬೇಕು. ಒಂದು ಮೊಳಕೆಯೂ ಇಲ್ಲ. ಅಕ್ಕಪಕ್ಕದ ಮನೆಗಳಲ್ಲೂ ಅದೇ ಪಾಡು. ದೇವಿ ಮುನಿದಿದ್ದಾಳೆಂದು ಹೆಂಗಸರೆಲ್ಲ ಹೆದರಿ ಕೂತಿದ್ದರು. ಮೇಲಿನ ಮಣ್ಣು ಬಿಸಿಲಿಗೆ ಕೆಟ್ಟಿರಬೇಕು, ಒಳಗಿನದು ಒಯ್ದು ಮತ್ತೆ ಬಿತ್ತೋಣ ಎಂದು ಸುಂದ್ರಮ್ಮ ಗುಡ್ಡೆಯ ಬಗಲಿಗೆ ಸಲಿಕೆ ಹಾಕಿದಳು. ಮಣ್ಣು ಜರಿಯಿತು.

ಒಳಗೆ ಒಬ್ಬ ಮನುಷ್ಯ ಕೂತಿದ್ದ.

ಚಕ್ಕಳಮಕ್ಕಳ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಕಣ್ಣಿಗೆ ಕನ್ನಡಕ. ಹಣೆಗೆ ವಿಭೂತಿ. ಸುಂದ್ರಮ್ಮ ಚೀರಿದ ಚೀರಿಗೆ ಊರೇ ಓಡಿಬಂತು.

* * *

ಪಿಎಸ್‌ಐ ಗುರುದೇವಿ ಹನ್ನೊಂದು ವರ್ಷದ ನೌಕರಿಯಲ್ಲಿ ಹೆಣಗಳನ್ನು ಬಾವಿಯಲ್ಲಿ ಕಂಡಿದ್ದಳು, ಕಾಲುವೆಯಲ್ಲಿ ಕಂಡಿದ್ದಳು. ಕೂತ ಹೆಣ ಕಂಡದ್ದು ಒಮ್ಮೆ ಮಾತ್ರ, ಅದು ಅವಳ ಅಜ್ಜನದು. ಲಿಂಗಾಯತರಾದ ಅವಳ ಮನೆಯಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಕೂಡಿಸಿ ಮಣ್ಣು ಕೊಡುತ್ತಾರೆ. ಈಗ ಶಾಲೆಯ ಬಯಲಿನಲ್ಲಿ ಅದೇ ಭಂಗಿ, ಅದೇ ವಿಭೂತಿ. ಕೊಂದವನೇ ಶಾಸ್ತ್ರವನ್ನೂ ಮಾಡಿ ಹೋಗಿದ್ದ. ಇಂಥದ್ದನ್ನು ಅವಳು ಕೇಳಿಯೂ ಇರಲಿಲ್ಲ.

"ಯಾರಿವ?"

"ಲಕ್ಷ್ಮಿಕಾಂತ್ರಿ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ಮೌನಪ್ಪ. ಹೆಸರಿಗಷ್ಟೇ ಮೌನಪ್ಪ, ಬಾಯಿ ಮುಚ್ಚಿದ್ದನ್ನು ಠಾಣೆಯಲ್ಲಿ ಯಾರೂ ಕಂಡಿರಲಿಲ್ಲ. "ಶಹಾಪುರದಾಗ ಮಣ್ಣು ಪರೀಕ್ಷಾ ಮಾಡೋ ಹುಡುಗ. ಮಂಗಳವಾರ ಸಂಜಿಯಿಂದ ಮನಿಗಿ ಬಂದಿಲ್ಲಂತ ಅವರವ್ವ ಕಂಪ್ಲೇಂಟ್ ಕೊಟ್ಟಾಳ. ತಲಿ ಹಿಂದ ಪೆಟ್ಟು ಬಿದ್ದೈತಿ ನೋಡ್ರಿ."

"ಈ ಮಣ್ಣು ತಂದವರ್ಯಾರು?"

ಜನ ನೆಲ ನೋಡಿದರು. ಉತ್ತರ ಕೊಟ್ಟವಳು ಸುಂದ್ರಮ್ಮನೇ.

"ನನ್ನ ಮಗರೀ. ಕಾಂತೇಶ. ಅವನ ಟ್ರ್ಯಾಕ್ಟರ್‌ನಾಗ ಬಂದದ್ದು."

ಶಾಲೆಯ ಗೇಟಿನ ಬಳಿ ಚಹಾ ಮಾರುವ ಫಿರೋಜ್ ಗಂಟಲು ಸರಿಮಾಡಿಕೊಂಡ. "ಸುಳ್ಳ ಹೇಳಂಗಿಲ್ರಿ ಮೇಡಂ. ಹೋದ ಶನಿವಾರ ಇಬ್ಬರೂ ಇಲ್ಲೇ ಜಗಳಾಡ್ಯಾರ. 'ಮಣ್ಣು ಹೊಳ್ಳಿ ಒಯ್ಯಿ' ಅಂತ ಲಕ್ಷ್ಮಿಕಾಂತ ಟ್ರ್ಯಾಕ್ಟರ್‌ಗಿ ಅಡ್ಡ ನಿಂತಿದ್ದ. ಕಾಂತೇಶ ಸಲಿಕಿ ಎತ್ತಿದ. ನಾನೇ ಬಿಡಿಸಿ ಅಂಗಡಿಗಿ ಹೋದೆ."

ಅಷ್ಟು ಸಾಕಾಯಿತು. ಯಾದಗಿರಿಯಿಂದ ದೊಡ್ಡ ಸಾಹೇಬರ ಫೋನ್ ಬಂತು. "ಮತ್ತೇನು ಬೇಕಮ್ಮ? ಹುಡುಗನನ್ನು ಎತ್ತಿಕೊಂಡು ಹೋಗಿ. ನಾಳೆ ಹನ್ನೊಂದಕ್ಕೆ ಕೋರ್ಟಿಗೆ ಹಾಜರುಪಡಿಸಿ."

ಕಾಂತೇಶನನ್ನು ಜೀಪಿಗೆ ಹತ್ತಿಸುವಾಗ ಸುಂದ್ರಮ್ಮ ಅಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ ನಿಂತಿದ್ದಳು.

"ನಾನೇ ಸಲಿಕಿ ಹಾಕಿ ನನ್ನ ಮಗನ್ನ ಜೇಲಿಗಿ ಕಳಿಸಿದಂಗಾತಲ್ರಿ," ಎಂದಳು.

ಗುರುದೇವಿಗೆ ಕರುಳು ಹಿಂಡಿದಂತಾಯಿತು. ಆದರೆ ಕರುಳನ್ನು ಕೋರ್ಟು ಸಾಕ್ಷಿಯೆಂದು ತೆಗೆದುಕೊಳ್ಳುವುದಿಲ್ಲ.

* * *

ಶಾಲೆಯ ಎದುರೇ ಸಂಗಮನಾಥರ ಮನೆ. ನಿವೃತ್ತ ಕೃಷಿ ಅಧಿಕಾರಿ. ಕಟ್ಟಡಕ್ಕೆಂದು ಅಗೆದ ಮಣ್ಣನ್ನೆಲ್ಲ ಹಳ್ಳಕ್ಕೂ ಕೆರೆಗೂ ಸುರಿದು ಕೈ ತೊಳೆದುಕೊಳ್ಳುತ್ತಿದ್ದ ಜನಕ್ಕೆ, "ಮಣ್ಣು ಕಸ ಅಲ್ರಪ್ಪಾ" ಎಂದು ತಿಳಿಹೇಳುತ್ತ ಊರೂರು ತಿರುಗಿದವರು. ಯಾದಗಿರಿಯಲ್ಲಿ ಹಾಸ್ಟೆಲ್ಲಿಗೆ ಪಾಯ ತೆಗೆದಾಗ ಮೇಲಿನ ಕರಿಮಣ್ಣು ಬೇರೆ, ಕೆಳಗಿನ ಗರಸು ಬೇರೆ ಮಾಡಿಸಿ, ಪರೀಕ್ಷೆಗೆ ಕಳಿಸಿ, ಕರಿಮಣ್ಣನ್ನು ಮಳೆಗೆ ಕೊಚ್ಚಿಹೋದ ಹೊಲಗಳಿಗೆ, ಗರಸನ್ನು ರಸ್ತೆಗೆ ಕೊಡಿಸಿದ್ದರು. ನಾಲ್ಕು ವರ್ಷ ಒಂದು ಬುಟ್ಟಿ ಮಣ್ಣೂ ಹಾಳಾಗಲು ಬಿಟ್ಟಿರಲಿಲ್ಲ. ನವೆಂಬರಿನಲ್ಲಿ ಜಿಲ್ಲೆಯ ಸನ್ಮಾನ ಅವರಿಗೇ ಎಂದು ಪತ್ರಿಕೆಯಲ್ಲೂ ಬಂದಿತ್ತು. ಮಳೆಗಾಲದಲ್ಲಿ ಕೆರೆಯಂತಾಗುತ್ತಿದ್ದ ಶಾಲೆಯ ಬಯಲನ್ನು ತುಂಬಿಸಲು ಹೊರಟವರೂ ಅವರೇ.

"ನನ್ನ ಕೈಯಾಗ ಕಲ್ತ ಹುಡುಗ್ರಿ," ಎಂದು ಕಣ್ಣೊರೆಸಿಕೊಂಡರು. ಅವರ ಹೆಂಡತಿ ಗೊಲ್ಲಾಳಮ್ಮ ಚಹಾ ತಂದಿಟ್ಟರು.

"ಮಣ್ಣು ಹೊಳ್ಳಿ ಒಯ್ಯಿ ಅಂತ ಅವನು ಯಾಕ ಹೇಳಿದ್ದ?"

"ನನಗೇನೂ ಹೇಳಿಲ್ಲ. ಮಣ್ಣು ಚಲೋ ಐತಿ ಅನ್ನೋ ಕಾಗದದ ಮ್ಯಾಲ ನನ್ನ ಸಹಿ ಐತಿ, ನೋಡ್ರಿ. ಬಂಗಾರದಂಥಾ ಮಣ್ಣು."

ಅಷ್ಟರಲ್ಲಿ ಮೂರು ವರ್ಷದ ಮೊಮ್ಮಗಳು ದೇವರ ಮನೆಗೆ ನುಗ್ಗಿ ಘಟ್ಟದ ಸಸಿಗಳನ್ನು ಹಿಡಿದೆಳೆಯತೊಡಗಿದಳು. "ಏ ಹುಡುಗಿ, ಬಿಡ ಅದನ್ನ!" ಎಂದು ಅಜ್ಜಿ ಓಡಿದರು. ಆ ಗಲಾಟೆಯಲ್ಲಿ ಗುರುದೇವಿಗೂ ನಗು ಬಂತು. ದೇವಿಗೆ ಕೈ ಮುಗಿದು ಎದ್ದು ಬಂದಳು.

* * *

"ನಿಮ್ಮಲ್ಲಿ ಸತ್ತವರನ್ನ ಹೆಂಗ ಮಣ್ಣು ಮಾಡ್ತೀರಿ?" ಠಾಣೆಯಲ್ಲಿ ಗುರುದೇವಿ ಕೇಳಿದ ಮೊದಲ ಪ್ರಶ್ನೆ ಅದು.

ಕಾಂತೇಶ ಬೆಪ್ಪಾದ. "ಮಲಗಿಸಿ ಹೂಳ್ತೀವ್ರಿ."

"ಶನಿವಾರ ಏನಾತು?"

"ಕಾರಣ ಹೇಳದ ಅಡ್ಡ ನಿಂತ, ಸಿಟ್ಟು ಬಂತು. ಫಿರೋಜಣ್ಣ ಬಿಡಿಸಿ ಹೋದ ಮ್ಯಾಲ ಸಂಗಮನಾಥ ಸರ್ ಬಂದು, ಮಣ್ಣು ಇಳಿಸು ಅಂದ್ರು. ಇಳಿಸಿದೆ. ಲಕ್ಷ್ಮಿಕಾಂತನ ಹೆಗಲ ಮ್ಯಾಲ ಕೈ ಹಾಕಿ ತಮ್ಮ ಮನಿಗಿ ಕರಕೊಂಡು ಹೋದ್ರು. ನಾನು ನೋಡಿದ್ದು ಅಷ್ಟೇ."

ತನಗೇನೂ ಹೇಳಿಲ್ಲ ಎಂದಿದ್ದರು ಸಂಗಮನಾಥ. ಇಬ್ಬರಲ್ಲಿ ಒಬ್ಬರ ಮಾತು ಸುಳ್ಳು. ಊರು ಯಾರನ್ನು ನಂಬುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೌನಪ್ಪನ ಗುಮಾನಿ ಗುತ್ತಿಗೆದಾರ ಭೀಮಾಶಂಕರನ ಮೇಲೆ. ಮಣ್ಣು ಬಂದದ್ದು ಶಹಾಪುರದಲ್ಲಿ ಅವನು ಕಟ್ಟಿಸುತ್ತಿದ್ದ ಮಳಿಗೆಯ ಪಾಯದಿಂದ. "ಕೆಟ್ಟ ಮಣ್ಣು ಸಾಗಹಾಕಾಕ ಇವನೇ ಹೊಡದಾನ ಮೇಡಂ, ಬರದಿಟ್ಟಕೋರಿ," ಎಂದು ದಾರಿಯುದ್ದಕ್ಕೂ ಹೇಳಿದ. ಆ ಮನುಷ್ಯ ಸಿಕ್ಕಿದ್ದು ಸುರಪುರದಲ್ಲಿ, ಗುಡ್ಡದ ಬುಡದ ನೀರಿನ ಟ್ಯಾಂಕಿನ ಕೆಲಸದ ಬಳಿ. ಸೋಮವಾರದಿಂದ ಅಲ್ಲಿಂದ ಕದಲಿಲ್ಲ, ಮಲಗುವುದೂ ಅಲ್ಲೇ. ಕೂಲಿಯವರು, ಮೇಸ್ತ್ರಿ, ಊಟ ತರುವಾಕೆ ಎಲ್ಲರೂ ಅದನ್ನೇ ಹೇಳಿದರು. ಮೌನಪ್ಪನ ಮುಖ ಸಪ್ಪಗಾಯಿತು.

"ಶಹಾಪುರದ ಆ ಮಳಿಗಿ ಜಾಗಾದಾಗ ಮೊದಲ ಏನಿತ್ತು?" ಗುರುದೇವಿ ಕೇಳಿದಳು.

"ಕಳೆನಾಶಕದ ಗೋದಾಮು ಇತ್ರಿ. ಡಬ್ಬಿ ಒಡದು ನೆಲಕ್ಕೆಲ್ಲ ಇಳದಿತ್ತು," ಎಂದ ಭೀಮಾಶಂಕರ. "ನಾನೇನು ಮುಚ್ಚಿಟ್ಟಿಲ್ಲ. ಸಂಗಮನಾಥ ಸರ್‌ಗೆ ನಾನೇ ಹೇಳೀನಿ. 'ಮ್ಯಾಲಿಂದಷ್ಟ ಕೆರದು ಒಗಿ, ಉಳದದ್ದು ಕಳಿಸು, ಹಬ್ಬದೊಳಗ ಬಯಲು ತುಂಬಬೇಕು' ಅಂದ್ರು. ನೋಡಾಕ ಬರಲೇ ಇಲ್ಲ. ಕಾಗದಕ್ಕ ಮನ್ಯಾಗ ಕುಂತೇ ಸಹಿ ಹಾಕ್ಯಾರ."

ಹಬ್ಬದ ರಜೆಗೆ ಶಾಲೆಯ ಬಾಗಿಲು ಮುಚ್ಚಿತ್ತು, ಬಯಲಿಗೆ ಬಾಗಿಲಿರಲಿಲ್ಲ. ಊರಿನ ಮಕ್ಕಳೆಲ್ಲ ಆ ಗುಡ್ಡೆಯ ಮೇಲೆ ಜಾರಿ ಆಡುತ್ತಿದ್ದುದನ್ನು ಗುರುದೇವಿ ಬೆಳಗ್ಗೆಯೇ ಕೇಳಿ ತಿಳಿದಿದ್ದಳು.

ಅಲ್ಲಿಂದಲೇ ಫೋನ್ ಮಾಡಿ ಗುಡ್ಡೆಗೆ ಕಾವಲು ಹಾಕಿಸಿದಳು. ಮಕ್ಕಳನ್ನೆಲ್ಲ ತಪಾಸಣೆ ಮಾಡಲು ಡಾಕ್ಟರನ್ನೂ ಕರೆಸಿದಳು.

* * *

ಲಕ್ಷ್ಮಿಕಾಂತನ ಮನೆ ಶಹಾಪುರದಲ್ಲಿ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಚಹಾದ ಕಾಗದದ ಲೋಟಗಳು. ಪ್ರತಿಯೊಂದರಲ್ಲೂ ಮಣ್ಣು, ಮಣ್ಣಿನಲ್ಲಿ ಹೆಸರುಕಾಳು.

"ಆಫೀಸಿನ ಪರೀಕ್ಷಾ ಆದಮ್ಯಾಲೂ ಮನ್ಯಾಗ ಹಿಂಗ ಕಾಳು ಹಾಕಿ ನೋಡ್ತಿದ್ದ," ಎಂದರು ತಾಯಿ. ದುಃಖದಲ್ಲೂ ಲೋಟಗಳಿಗೆ ನೀರು ಹಾಕುವುದನ್ನು ಆಕೆ ಬಿಟ್ಟಿರಲಿಲ್ಲ. "ಹೋದ ಶುಕ್ರವಾರ ಇವನ್ನ ನೋಡಿ ಅರ್ಧ ಊಟಕ್ಕ ಎದ್ದ."

ಲೋಟಗಳ ಮೇಲೆ ಊರಿನ ಹೆಸರು, ಬಿತ್ತಿದ ದಿನ. 'ಯಾದಗಿರಿ ಹಾಸ್ಟೆಲ್' ಎಂದಿದ್ದವು ಹಸಿರಾಗಿದ್ದವು. 'ಕೊಂಕಲ್ ಶಾಲೆ' ಎಂದಿದ್ದ ಮೂರೂ ಬೋಳು. ಎಲ್ಲಕ್ಕೂ ಒಂದೇ ದಿನ ಬಿತ್ತನೆ.

"ಒಂದು ಮಾತು ಕೇಳ್ತೀನ್ರಿ ಮೇಡಂ," ಎಂದರು ಆ ತಾಯಿ. "ನಮ್ಮಲ್ಲಿ ಸುಡ್ತಾರ. ನನ್ನ ಮಗಗ ವಿಭೂತಿ ಹಚ್ಚಿ ಯಾಕ ಕೂಡಿಸಿದ್ರು?"

ಗುರುದೇವಿ ಆ ಪ್ರಶ್ನೆಯನ್ನೇ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಮೌನಪ್ಪ ಬೋಳು ಲೋಟಗಳನ್ನು ನೋಡಿ ಲೊಚಗುಟ್ಟಿದ. "ಕೊಂಕಲ್ ಹೆಂಗಸ್ರೂ ಇದನ್ನೇ ಅಳಾಕತ್ತಿದ್ರು ಮೇಡಂ. ಸಂಗಮನಾಥ ಸರ್ ಒಯ್ರಿ ಅಂದದ್ದಕ್ಕ ಎಲ್ಲಾರೂ ಆ ಗುಡ್ಡಿ ಮಣ್ಣೇ ಒಯ್ದಾರ. ಯಾರ ಮನ್ಯಾಗೂ ಘಟ್ಟ ಹುಟ್ಟಿಲ್ಲಂತ."

"ಯಾರ ಮನ್ಯಾಗೂ?"

"ಒಂದ ಮನ್ಯಾಗೂ ಇಲ್ಲಂತ್ರಿ."

ಒಂದು ಮನೆಯಲ್ಲಿ ಹುಟ್ಟಿತ್ತು. ಮಗು ಹಿಡಿದು ಎಳೆಯುವಷ್ಟು ಹುಟ್ಟಿತ್ತು. ಗುರುದೇವಿಯೇ ಅದಕ್ಕೆ ಕೈ ಮುಗಿದು ಬಂದಿದ್ದಳು!

* * *

ಮರುದಿನ, ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಜೀಪು ಕೊಂಕಲ್ಲಿಗೆ ಬಂತು. ಹಿಂದಿನ ಸೀಟಿನಲ್ಲಿ ಕಾಂತೇಶ. ಕೋರ್ಟಿಗೆ ಎರಡೇ ಗಂಟೆ. ಊರು ನೆರೆಯಿತು. ಗುರುದೇವಿ ಮೊದಲು ಸಂಗಮನಾಥರ ಮನೆಯ ಹಿತ್ತಲ ಬಾಗಿಲಿಗೆ ಹೋಗಿ ಗೊಲ್ಲಾಳಮ್ಮನೊಡನೆ ಎರಡು ಮಾತಾಡಿ, ಒಂದು ಸಣ್ಣ ಚೀಲ ಹಿಡಿದು ಬಂದಳು. ಸಂಗಮನಾಥರು ಕಟ್ಟೆಯ ಮೇಲೆ ಕೂತಿದ್ದರು.

ಅವಳು ಚೀಲದ ಕರಿಮಣ್ಣನ್ನು ಮೆಟ್ಟಿಲ ಬಳಿ ಸುರಿದಳು. ಮೊಮ್ಮಗಳು ಕುಣಿಯುತ್ತ ಓಡಿಬಂದಳು.

"ಆಡವ್ವಾ. ಶಾಲಿ ಬಯಲಿನ ಮಣ್ಣು, ಬಂಗಾರದಂಥಾದ್ದಂತ."

ಮಗು ಎರಡೂ ಕೈ ಮಣ್ಣಿಗೆ ಹಾಕಿತು.

"ಮುಟ್ಟಬ್ಯಾಡ!"

ಸಂಗಮನಾಥರು ಕಟ್ಟೆಯಿಂದ ಹಾರಿದ ರಭಸಕ್ಕೆ ಅವರ ಚಪ್ಪಲಿ ಹಿಂದೆಯೇ ಉಳಿಯಿತು. ಮಗುವನ್ನು ಕಸಿದೆತ್ತಿ, ಧೋತರದಿಂದ ಅದರ ಬೆರಳುಗಳನ್ನು ಉಜ್ಜುತ್ತ, "ನೀರು ತರ್ರಿ, ಸಬಕಾರ ತರ್ರಿ!" ಎಂದು ಒದರಿದರು. ಆಮೇಲೆ ಸುತ್ತ ನೋಡಿದರು. ಊರಿಗೆ ಊರೇ ಅವರನ್ನು ನೋಡುತ್ತಿತ್ತು.

"ಹೆದರಬ್ಯಾಡ್ರಿ ಸರ್. ಇದು ಗುಡ್ಡಿ ಮಣ್ಣಲ್ಲ. ನಿಮ್ಮ ಘಟ್ಟಕ್ಕ ಹಾಕಿ ಉಳದದ್ದು. ಈಗ ಗೊಲ್ಲಾಳಮ್ಮನೋರು ಕೊಟ್ರು, ಎಲ್ಲಿಂದ ತಂದದ್ದಂತಲೂ ಹೇಳಿದ್ರು," ಎಂದಳು ಗುರುದೇವಿ. "ಮನಿ ಮುಂದ ಗುಡ್ಡಿ ಇಟಗೊಂಡು, ಊರಿಗೆಲ್ಲ ಒಯ್ರಿ ಒಯ್ರಿ ಅಂದು, ನೀವು ಮಾತ್ರ ಭಾನುವಾರ ಅಬ್ಬೆತುಮಕೂರಿಗಿ ಹೋಗಿ ಮಣ್ಣು ತಂದ್ರಿ. ಅದರ ಹಿಂದಿನ ದಿನ, ಶನಿವಾರ, ಲಕ್ಷ್ಮಿಕಾಂತ ಇದೇ ಮನ್ಯಾಗ ಕುಂತು, ಕಾಳು ಮೊಳೆತಿಲ್ಲಂತ ನಿಮಗ ಹೇಳಿದ್ದ."

ಅವರು ಮಗುವನ್ನು ಕೆಳಗಿಳಿಸಿದರು.

"ಟ್ರಾಲಿಯಿಂದ ಸುರಿದ ಹೆಣದ ಮೂಗಿನ ಮ್ಯಾಲ ಕನ್ನಡಕ ನಿಲ್ಲೂದಿಲ್ಲ. ಅವನನ್ನ ಇಲ್ಲೇ ಹೊಡದು, ಇಲ್ಲೇ ಕೂಡಿಸಿ, ಗುಡ್ಡಿ ಜರಿಸಿ ಮುಚ್ಚ್ಯಾರ. ಕಾಂತೇಶನ ಮಂದಿ ಮಲಗಿಸ್ತಾರ, ಲಕ್ಷ್ಮಿಕಾಂತನ ಮಂದಿ ಸುಡ್ತಾರ. ಕೂಡಿಸೋರು ನಾವು, ನಾನೂ ನೀವೂ ಲಿಂಗಾಯತರು. ಈ ಊರಾಗ ನಮ್ಮಂಥೋರು ಬಹಳ ಮಂದಿ ಅದಾರ ಖರೆ. ಆದ್ರ ಮಣ್ಣಾಗ ವಿಷ ಐತಿ ಅಂತ ಗೊತ್ತಿದ್ದ ಮನಿ ಒಂದೇ."

ಸಂಗಮನಾಥರು ಮೆಟ್ಟಿಲ ಮೇಲೆ ಕೂತರು.

"ಮಂಗಳವಾರ ಸಂಜಿಗಿ ಗುಡ್ಡಿ ಹತ್ರ ಮತ್ತ ಬಂದ. ನಾಳೆ ಯಾದಗಿರಿ ಆಫೀಸಿಗಿ ಹೇಳ್ತೀನಂದ. ಹಬ್ಬ ಮುಗೀಲಿ, ಸದ್ದಿಲ್ಲದ ತಗಸ್ತೀನಿ ಅಂತ ಕೈ ಮುಗದೆ. ದಿನಾ ಮಕ್ಕಳು ಆಡಾಕತ್ಯಾವ ಸರ್ ಅಂದ. ಒಂದು ಸಹಿ ತಪ್ಪಿದ್ದಕ್ಕ ನಾಲ್ಕು ವರ್ಷದ ಹೆಸರು..." ಅವರು ಎದುರಿನ ಬಯಲಿನತ್ತ ನೋಡಿದರು. "ಅವನು ಹೊಳ್ಳಿ ಹೊಂಟ. ಸಲಿಕಿ ಅಲ್ಲೇ ಇತ್ತು."

"ವಿಭೂತಿ?"

"ಕಿಸೆದಾಗ ಇತ್ರಿ. ಅವನನ್ನ ಹಂಗ ಬಿಡಾಕ ಮನಸಾಗಲಿಲ್ಲ."

ಇವರ ಮಾತು ಕೇಳಿ ಹೊಲಕ್ಕೆ ಮಣ್ಣು ಹಾಕಿಸಿದವರೇ ಅಲ್ಲಿದ್ದವರೆಲ್ಲ. ಶಾಪ ಹಾಕುವುದಕ್ಕೂ ಯಾರಿಗೂ ನಾಲಗೆ ಏಳಲಿಲ್ಲ.

ಮೌನಪ್ಪ ಜೀಪಿನ ಬಾಗಿಲು ತೆರೆದ. ಕಾಂತೇಶ ಇಳಿದ, ಅದೇ ಸೀಟಿಗೆ ಸಂಗಮನಾಥರು ಹತ್ತಿದರು. ಸುಂದ್ರಮ್ಮ ಮಗನ ಮುಖ, ಹೆಗಲು, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

ಆಗ ಗೊಲ್ಲಾಳಮ್ಮ ಒಳಗಿಂದ ಬಂದರು. ಗಂಡನತ್ತ ನೋಡಲಿಲ್ಲ. ಕೈಯಲ್ಲಿ ದೇವರ ಮನೆಯ ಘಟ್ಟ, ಬೆರಳುದ್ದ ಹಸಿರು. ಅದನ್ನು ಸುಂದ್ರಮ್ಮನ ಮುಂದೆ ಹಿಡಿದರು.

"ನಿಮ್ಮದು ಹುಟ್ಟಿಲ್ಲಂತಲ್ಲವ್ವಾ. ಇದನ್ನ ಒಯ್ಯಿ."

ಸುಂದ್ರಮ್ಮ ಸಸಿಗಳನ್ನು ನೋಡಿದಳು. ಮುಟ್ಟಲಿಲ್ಲ.

"ಅಬ್ಬೆತುಮಕೂರಿನ ಮಣ್ಣೇನ್ರಿ?"

"ಹೌದವ್ವಾ."

"ಮೊದಲ ಹೇಳಿದ್ರ ನಾವೂ ಅಲ್ಲಿಂದಲೇ ತರ್ತಿದ್ದಿವಿ," ಎಂದಳು ಸುಂದ್ರಮ್ಮ. ಮಗನ ಕೈ ಹಿಡಿದುಕೊಂಡು ಮನೆಯ ಕಡೆ ನಡೆದಳು.