ಸುಟ್ಟ ಟಿಸಿಯ ಪ್ರಕರಣ

ಮೇ ಹದಿನಾಲ್ಕರ ಬೆಳಿಗ್ಗೆ ಹತ್ತೂವರೆಗೆ ವಿದ್ಯುತ್ ಕಂಪನಿಯ ಎಂಜಿನಿಯರ್ ಸಂಜುಕುಮಾರ ಅಫಜಲಪುರ ಠಾಣೆಗೆ ಬಂದು, ಕಂಪನಿಯ ಅಂಗಳದಿಂದ ಟಿಸಿ ಕಳುವಾಗಿದೆ ಎಂದು ದೂರು ಕೊಟ್ಟರು. ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್. ಅದನ್ನು ಪೂರ್ತಿ ಹೆಸರು ಹಿಡಿದು ಕರೆಯುವಷ್ಟು ಪುರುಸೊತ್ತು ಈ ಭಾಗದಲ್ಲಿ ಯಾರಿಗೂ ಇಲ್ಲ.

ಪಿಎಸ್‌ಐ ಭುವನೇಶ್ವರಿ ದೂರು ಓದಿ ತಲೆ ಎತ್ತಿದರು.

"ಬೀಗ ಒಡದಾರೇನ್ರಿ?"

"ಇಲ್ರಿ ಮೇಡಂ."

"ಗ್ವಾಡಿ?"

"ಅದೂ ಇಲ್ರಿ. ಎಣಿಸಿದ್ರ ಲೆಕ್ಕಾನೂ ಸರಿ ಅದ. ಆದ್ರ ಹೊಸಾದು ಇದ್ದ ಜಾಗಾದಾಗ ಸುಟ್ಟದ್ದೊಂದು ಕುಂತದ. ಜೇವರ್ಗಿಗೆ ಒಯ್ಯಾಕ ಲಾರಿ ಬಂದಾಗ ಗೊತ್ತಾತು."

ಭುವನೇಶ್ವರಿಗೆ ನಗು ಬಂತು. ಅಷ್ಟು ಭಾರದ ಕಬ್ಬಿಣದ ಗುಡಾಣ ಹಾಡಹಗಲೇ ಅದಲುಬದಲಾಗಿದೆ, ಇವರಿಗೆ ಲಾರಿ ಬರುವ ತನಕ ಸುದ್ದಿಯೇ ಇಲ್ಲ! ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಸೈದಪ್ಪನನ್ನು ಕರೆದುಕೊಂಡು ಸ್ಥಳ ಪಂಚನಾಮೆಗೆ ಹೊರಟರು.

ಅಂಗಳದ ಕಾವಲುಗಾರ ಕಲ್ಯಾಣಕುಮಾರ ಮೊದಲೇ ಬೆವತಿದ್ದ. ಇಲ್ಲಿಯ ರೂಢಿ ಹೀಗೆ: ಊರಲ್ಲಿ ಟಿಸಿ ಸುಟ್ಟರೆ ಕಂಪನಿಯ ಗಾಡಿಯನ್ನು ಯಾರೂ ಕಾಯುವುದಿಲ್ಲ. ಊರವರೇ ಅದನ್ನು ಇಳಿಸಿ, ಟ್ರ್ಯಾಕ್ಟರಿಗೆ ಹೇರಿ ತಂದು, ಸರದಿ ಬಂದಾಗ ಒಳ್ಳೆಯದನ್ನು ಒಯ್ಯುತ್ತಾರೆ.

"ಬರುವಾಗ ಟ್ರ್ಯಾಕ್ಟರಿನಾಗ ಟಿಸಿ ಇರ್ತದ, ಹೋಗುವಾಗೂ ಇರ್ತದ. ದಿನಾ ಇದೇ ಹಾಡು. ಯಾರ್‍ನಂತ ತಡೀಲ್ರಿ?" ಎಂದ.

ಸೈದಪ್ಪ ಸುಟ್ಟ ಟಿಸಿಗಳ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದನ್ನೇ ನೋಡುತ್ತ ಹೋದ. ಹೊಸ ಟಿಸಿ ಊರಿಗೆ ಬಂದ ದಿನ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಆಮೇಲೆಯೇ ಕಂಬಕ್ಕೆ ಏರಿಸುತ್ತಾರೆ. ಉಳಿದವುಗಳ ಮೇಲೆ ಆ ಕಲೆ ಮಸಿ ಎಣ್ಣೆಯ ಅಡಿಯಲ್ಲೂ ಉಳಿದಿತ್ತು. ಬದಲಾಗಿ ಬಂದಿದ್ದ ಟಿಸಿಯ ಮೇಲೆ ಮಾತ್ರ ಕುಂಕುಮದ ಗುರುತೇ ಇಲ್ಲ. ಅದರ ಕೊಂಡಿಯಲ್ಲಿ ಬಣ್ಣ ಮಾಸಿದ ಬಟ್ಟೆಯ ಪಟ್ಟಿಯೊಂದು ಸಿಕ್ಕಿಕೊಂಡಿತ್ತು. ನೀಲಿ, ಹಳದಿ, ಕೆಂಪು, ಬಿಳಿ, ಕೇಸರಿ.

"ಪಂಚಶೀಲದ ಬಣ್ಣ ಅವ ಮೇಡಂ. ಬೌದ್ಧರ ಓಣಿದು ಇದು. ಅವರು ಪೂಜಾ ಬಿಟ್ಟಾರ, ಇದನ್ನ ಕಟ್ತಾರ," ಎಂದ ಸೈದಪ್ಪ.

ಭುವನೇಶ್ವರಿ ಸಂಜುಕುಮಾರರನ್ನು ಬದಿಗೆ ಕರೆದರು.

"ಇದನ್ನ ನೀವೂ ನೋಡೀರಿ. ಅಪರಿಚಿತರು ಅಂತ ಯಾಕ ಬರದ್ರಿ?"

ಎಂಜಿನಿಯರ್ ಗೇಟಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಮಣ್ಣೂರ ಊರಿಂದು ಅದ್ರಿ, ಅಲ್ಲಿ ಬೌದ್ಧರ ಓಣಿದು. ಸರದಿ ಅವರದೇ ಇತ್ತು. ಟ್ರ್ಯಾಕ್ಟರಿಗೆ ಏರಿಸೂ ಆಗಿತ್ತು. ಅಷ್ಟರಾಗ ಪರಿಶೀಲನಾ ಸಭೆಯಿಂದ ಫೋನ್ ಬಂತು, ಜೇವರ್ಗಿ ರಸ್ತೆಯ ಹೊಸ ಲೇಔಟಿಗೆ ಕೊಡ್ರಿ ಅಂತ."

"ಸರದಿ ಕಂಪನಿ ಮಾಡ್ತದಲ್ಲ?"

"ಮಾಡೋರು ನಾವು. ಕಂಪನಿ ಮ್ಯಾಲ ಸರಕಾರದ ಉಸ್ತುವಾರಿ ಅದ. ಅವರು ಹೂಂ ಅಂದ್ರ ಹೂಂ."

"ಬರದು ಕೊಟ್ಟಾರ?"

"ಬಾಯಿಮಾತು."

"ಆ ಲೇಔಟಿನಾಗ ಎಷ್ಟು ಮನಿ ಅವ?"

"ಇನ್ನಾ ಕಲ್ಲು ನೆಟ್ಟಾರ್ರಿ, ಅಷ್ಟ."

ಭುವನೇಶ್ವರಿಗೆ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟಿಗೆ ಯಾವ ಕಲಮೂ ಇಲ್ಲ. ಬಾಯಿಮಾತಿನ ಮೇಲೆ ಪಂಚನಾಮೆ ಮಾಡಲು ಬರುವುದಿಲ್ಲ.

ಮಣ್ಣೂರ ಮುಟ್ಟುವಾಗ ಮಧ್ಯಾಹ್ನ ಎರಡಾಗಿತ್ತು. ಓಣಿಯ ನಳದ ಸುತ್ತ ಹೆಂಗಸರ ಗದ್ದಲವೋ ಗದ್ದಲ. ಕೊಳವೆಬಾವಿಯ ಮೋಟರು ಗುಂಯ್‌ಗುಡುತ್ತಿತ್ತು, ಕಂಬದ ಮೇಲೆ ಹೊಸ ಟಿಸಿ, ಅದಕ್ಕೊಂದು ಐದು ಬಣ್ಣದ ಪಟ್ಟಿ. ಕದ್ದ ಮಾಲನ್ನು ಇಷ್ಟು ಎತ್ತರದಲ್ಲಿ, ಇಷ್ಟು ಸಿಂಗಾರ ಮಾಡಿ ಇಟ್ಟಿದ್ದನ್ನು ಭುವನೇಶ್ವರಿ ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ.

ಕಟ್ಟೆಯ ಮೇಲಿನ ಹೊರಸಿನಲ್ಲಿ ಮುದುಕಿ ಸಾಬವ್ವ ಮಲಗಿದ್ದಳು. ಟಿಸಿ ಸುಟ್ಟು ನಳ ನಿಂತ ಮೇಲೆ ಭೀಮಾ ನದಿಯ ದಂಡೆಯಲ್ಲಿ ಕೊಡ ಹೊತ್ತು ಏರುವಾಗ ಜಾರಿ ಬಿದ್ದು ಸೊಂಟ ಮುರಿದುಕೊಂಡವಳು. ಖಾಕಿ ಕಂಡದ್ದೇ, "ಕರೆಂಟಿನವರೇನಬೇ? ಬರ್ರಿ, ತಣ್ಣನ ನೀರು ಕುಡೀರಿ," ಎಂದಳು.

ಸೊಸೆ ಯಶೋಧರಾ ತಂಬಿಗೆ ತಂದಳು. ಭುವನೇಶ್ವರಿ ಕುಡಿದರು.

ಅವಳ ಹಿಂದೆಯೇ ಒಬ್ಬ ಬಂದ. ಕಂಪನಿಯ ನೀಲಿ ಅಂಗಿ, ಸೊಂಟದಲ್ಲಿ ಇಕ್ಕಳ. ಸಾಬವ್ವನ ಮಗ.

"ಧಮ್ಮಪಾಲ ಅಂತ್ರಿ. ಲೈನ್‌ಮನ್. ನಾನೇ ತಂದೇನಿ."

"ಯಾರ್ಯಾರು ಇದ್ರು ಜೋಡಿ?"

"ನಾನೊಬ್ನೇ ಅಂತ ಬರ್ಕೋರಿ."

"ನೀ ಕಂಪನಿ ಮನಷ್ಯಾ. ನೌಕರಿ ಹೋಗ್ತದ, ಜೈಲಾಗ್ತದ, ಗೊತ್ತಿತ್ತಿಲ್ಲೋ?"

"ಗೊತ್ತಿತ್ರಿ."

ಅಷ್ಟರಲ್ಲಿ ಭುವನೇಶ್ವರಿಯವರ ಮೊಬೈಲ್ ಹೊಡೆದುಕೊಂಡಿತು. ಮೇಲಧಿಕಾರಿಗಳು. ಸಂಜೆಯೊಳಗೆ ಟಿಸಿ ಇಳಿಸಿ ಜಪ್ತಿ ಮಾಡಬೇಕಂತೆ, ಮೇಲಿನಿಂದ ಬಹಳ ಒತ್ತಡವಂತೆ. "ಸರ್, ಇಲ್ಲಿ ಕುಡಿಯೋ ನೀರಿಂದು..." ಎಂದು ಬಾಯಿ ತೆಗೆದರು. ಆಚೆ ಕಡೆ ಮಾತು ಮುಗಿದೇ ಹೋಗಿತ್ತು. ಸಂಜುಕುಮಾರರ ಪಾಡೇ ತನ್ನದೂ ಆಯಿತಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಟಿಸಿ ಇಳಿಸಲು ಲೈನ್‌ಮನ್ ಬೇಕು. ಸೈದಪ್ಪ ಕಂಪನಿಗೆ ಫೋನು ಮಾಡಿದ. ಆ ಊರಿನ ಪಾಳಿ ಧಮ್ಮಪಾಲನದೇ, ಬೇರೆ ಯಾರೂ ಇಲ್ಲ ಎಂಬ ಉತ್ತರ ಬಂತು.

"ನಾನೇ ಇಳಿಸ್ತೇನ್ರಿ," ಎಂದ ಆರೋಪಿ. "ಬ್ಯಾರೆಯವರಿಗೆ ಈ ಲೈನ್ ಹೊಸಾದು. ಜೀವಕ್ಕ ಅಪಾಯ."

ಕಂಬದ ಬುಡಕ್ಕೆ ಹೋದವನು ಓಣಿಯ ಕಡೆ ತಿರುಗಿ ಕೂಗಿದ. "ಲಗೂನ ಕೊಡ ತುಂಬಕೋರಿ ಎಲ್ಲಾರೂ! ಬಂದ್ ಮಾಡ್ತೇನಿ!"

ಸೈದಪ್ಪ ಮೇಡಂ ಅವರ ಮುಖ ನೋಡಿದ. ಭುವನೇಶ್ವರಿ ಜೀಪಿಗೆ ಒರಗಿ ನಿಂತರು. "ತುಂಬ್ಲಿ," ಎಂದರು. ಕೊಡ, ಬಕೀಟು, ಹಂಡೆ, ಕೊನೆಗೆ ರೊಟ್ಟಿ ಬುಟ್ಟಿಯ ಪಕ್ಕದ ಚೆಂಬೂ ತುಂಬಿತು. ನಳದ ಸುತ್ತಲಿನ ಗದ್ದಲ ನಿಂತುಹೋಗಿತ್ತು. ಯಶೋಧರಾ ಬಂದು, "ಆತ್ರಿ," ಎಂದಳು. ಧಮ್ಮಪಾಲ ಕಂಬ ಹತ್ತಿದ. ಮೋಟರಿನ ಸದ್ದು ಅಡಗಿತು.

ಐದು ಮುಕ್ಕಾಲಿಗೆ ಜಪ್ತಿ ಪಂಚನಾಮೆ ಮುಗಿಯಿತು. ನ್ಯಾಯ ಸಂಹಿತೆಯ ಕಲಂ 306, ನೌಕರನಿಂದ ಕಳವು. ಟಿಸಿ ಈಗ ಮುದ್ದೆಮಾಲು, ಪ್ರಕರಣದ ಸಾಕ್ಷ್ಯವಸ್ತು. ನ್ಯಾಯಾಲಯ ಹೇಳುವ ತನಕ ಅದು ಠಾಣೆಯ ಅಂಗಳದಲ್ಲೇ ಬಿದ್ದಿರಬೇಕು. ಮಣ್ಣೂರಿಗೂ ಇಲ್ಲ, ಜೇವರ್ಗಿಗೂ ಇಲ್ಲ.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಭುವನೇಶ್ವರಿ ಕೇಳಿದರು. "ಮತ್ತ ಸರದಿ ಬರ್ತಿತ್ತಲ್ಲೋ. ಯಾಕ ಮಾಡಿದಿ?"

"ಅವತ್ತು ಟ್ರ್ಯಾಕ್ಟರಿಗೆ ಏರಿಸಿ, ಪಟ್ಟಿ ಕಟ್ಟಿದ್ದೆವ್ರಿ. ಓಣಿ ಮಂದಿ ಎಲ್ಲಾ ಖುಷಿಲಿ ಕುಂತಿದ್ರು. ಫೋನ್ ಬಂದ ಮ್ಯಾಲ ಇಳಸು ಅಂತ ನನಗ ಹೇಳಿದ್ರು. ಎಲ್ಲಾರ ಮುಂದ ನಾನೇ ಇಳಸಿದೆ," ಎಂದ. "ಆವತ್ತಿಂದ ಮನ್ಯಾಗ ಒಂದು ಗ್ಲಾಸ್ ನೀರು ಕೇಳಾಕ ನಾಚಿಕಿ ಆಗ್ತಿತ್ರಿ."

ಭುವನೇಶ್ವರಿ ಅದನ್ನು ಹಾಗೆಯೇ, ಒಂದಕ್ಷರ ಬಿಡದೆ ಬರೆದುಕೊಂಡರು. ಅದಕ್ಕಿಂತ ಹೆಚ್ಚಿಗೆ ಅವರ ಕೈಯಲ್ಲಿ ಏನೂ ಇರಲಿಲ್ಲ.