ಬೆಂಚಿನವನ ದಿನ

"ಅವನ ಒಂದು ಕೈ ನಿನ್ನ ಎರಡು ಕೈಗೆ ಸಮ ಕಣಯ್ಯಾ" ಎಂದು ಕೋಚ್ ಹೇಳಿದ್ದು ತಮಾಷೆಗೇ ಇರಬಹುದು. ಹೇಳಿ ನಕ್ಕು ಹೆಗಲು ತಟ್ಟಿದ್ದೂ ಉಂಟು. ಆದರೆ ಆ ಮಾತು ಅಂಗಾಲಲ್ಲಿ ಮುರಿದ ಮುಳ್ಳಿನ ಹಾಗೆ ಸ್ಟೆಪ್ನಿಯೊಳಗೆ ಕೂತುಬಿಟ್ಟಿತು. ಮೇಲೆ ನೋಡಿದರೆ ಏನೂ ಕಾಣದು. ಹೆಜ್ಜೆ ಊರಿದಾಗಲೆಲ್ಲ ಚುಳ್ ಎನ್ನುವುದು.

ಸ್ಟೆಪ್ನಿ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಾಕಿ ತಂಡದ ಎರಡನೆಯ ಗೋಲ್‌ಕೀಪರ್ ಆಗಿ ವರ್ಷಗಟ್ಟಲೆ ಬೆಂಚಿನ ಮೇಲೆ ಕೂತವನಿಗೆ, ಲಾರಿಯ ಅಡಿಯಲ್ಲಿ ಧೂಳು ತಿನ್ನುತ್ತ ತೂಗಾಡುವ ಹೆಚ್ಚಿನ ಚಕ್ರದ ಹೆಸರನ್ನು ಯಾರೋ ಅಂಟಿಸಿದ್ದರು. ಅದು ಅಂಟಿಕೊಂಡಿತು. ಈಗ ಕೋಚ್ ಕೂಡ ಹಾಗೇ ಕರೆಯುತ್ತಿದ್ದ. ಮೊದಲನೆಯ ಗೋಲ್‌ಕೀಪರನನ್ನು ಊರಿಗೆ ಊರೇ ಅಗಳಿ ಎಂದು ಕರೆಯುತ್ತಿತ್ತು. ಬಾಗಿಲಿಗೆ ಅಗಳಿ ಬಿದ್ದ ಮೇಲೆ ಒಳಗೆ ಬರುವವರು ಯಾರು?

ಆ ಹಂಗಾಮಿನಲ್ಲಿ ತಂಡಕ್ಕೆ ಏಟಿನ ಮೇಲೆ ಏಟು. ನಾಯಕನ ಮಂಡಿ ತಿರುಚಿಕೊಂಡಿತು. ಹಿಂದೆ ನಿಂತು ಕಾಯುವವರಲ್ಲಿ ಒಬ್ಬನ ಬೆರಳು ಚೆಂಡು ತಾಗಿ ಮುರಿಯಿತು, ಇನ್ನೊಬ್ಬನ ತೊಡೆ ಹಿಡಿದುಕೊಂಡಿತು. ಕೊಟ್ಟಿಗೆಯಲ್ಲಿ ಸುಮ್ಮನೆ ಮೇಯುತ್ತಿದ್ದ ಎತ್ತುಗಳನ್ನೆಲ್ಲ ಎಬ್ಬಿಸಿ ನೊಗಕ್ಕೆ ಹೂಡುವ ಹಾಗೆ ಕೋಚ್ ಬೆಂಚಿನವರನ್ನು ಒಬ್ಬೊಬ್ಬರಾಗಿ ಕಣಕ್ಕಿಳಿಸಿದ. ನಿನ್ನೆ ಮೊನ್ನೆ ತಂಡಕ್ಕೆ ಸೇರಿದವರೂ ಆಡಿದರು. ಬೆಂಚು ಖಾಲಿಯಾಗುತ್ತ ಬಂತು, ಸ್ಟೆಪ್ನಿ ಮಾತ್ರ ಅಲ್ಲೇ ಉಳಿದ. ಕೊನೆಗೆ ಅಗಳಿಯ ಎಡಭುಜವೂ ಕೆಟ್ಟಿತು. ಕೈ ಎತ್ತಿದರೆ ಅವನ ಮುಖ ಹಿಂಡಿದ ಬಟ್ಟೆಯ ಹಾಗೆ ಆಗುತ್ತಿತ್ತು. ಈಗಲಾದರೂ ಎಂದುಕೊಂಡು ಸ್ಟೆಪ್ನಿ ಕೋಚನ ಕೋಣೆಗೆ ಹೋಗಿದ್ದ. ಅಲ್ಲಿ ಸಿಕ್ಕಿದ್ದು ಆ ಮಾತು.

ಅದೇ ವಾರ ಮ್ಯಾನೇಜರ್ ಅವನನ್ನು ಕರೆಸಿ ಬಹಳ ಮರ್ಯಾದೆಯಿಂದ ಕುರ್ಚಿ ಕೊಟ್ಟ. ಆ ಮರ್ಯಾದೆಯಲ್ಲೇ ವಿಷಯ ತಿಳಿದುಹೋಯಿತು. ಮುಂದಿನ ಹಂಗಾಮಿಗೆ ಹೊಸಬನೊಬ್ಬನನ್ನು ನೋಡುತ್ತಿದ್ದಾರಂತೆ. ಉಳಿದಿದ್ದದ್ದು ಸೆಮಿಫೈನಲ್; ಗೆದ್ದರೆ ಇನ್ನೊಂದು ಪಂದ್ಯ, ಸೋತರೆ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಹೆಂಡತಿ ಅವನ ಆಟದ ಬಟ್ಟೆ ಮಡಚುತ್ತ, "ನಿಮ್ಮ ಬಟ್ಟೆ ಒಗೆಯೋದೇ ಸುಲಭ ಬಿಡಿ, ನೀರಲ್ಲಿ ಅದ್ದಿ ತೆಗೆದರೆ ಸಾಕು" ಎಂದಳು. ಅವಳು ನಗಿಸಲೆಂದೇ ಅಂದದ್ದು. ಮಗಳು ಪುಸ್ತಕದಿಂದ ತಲೆ ಎತ್ತಿ ಕೇಳಿದಳು: "ಅಪ್ಪಾ, ನೀನು ಹಾಕಿ ಆಡೋನಾ, ನೋಡೋನಾ? ಟೀಚರ್ ಕೇಳಿದ್ರೆ ಏನು ಹೇಳಲಿ?"

ಅವನು ಎದ್ದು ಅಮ್ಮನ ಕೋಣೆಗೆ ಹೋಗಿ ಕೂತ. ಅಮ್ಮನ ಕಾಲು ಬಾತುಕೊಳ್ಳುತ್ತಿತ್ತು. ನೀರಿಳಿಯಲೆಂದು ಡಾಕ್ಟರು ಮಾತ್ರೆ ಕೊಟ್ಟಿದ್ದರು. ನುಂಗಿದ ದಿನ ಅಮ್ಮ ಕೋಣೆಗೂ ಬಚ್ಚಲಿಗೂ ಓಡಾಡಿ ಸಾಕಾಗಿ, ಸಂಜೆಗೆ ಮೀನಖಂಡ ಹಿಡಿದುಕೊಂಡು ನರಳುತ್ತಿದ್ದಳು. ಅಂದು ಸ್ಟೆಪ್ನಿ ಅವಳ ಕಾಲೊತ್ತುತ್ತಿದ್ದ. ಕೈಯ ಕೆಳಗೆ ಮಾಂಸ ಗಂಟು ಕಟ್ಟಿ ಮತ್ತೆ ಸಡಿಲಾಗುವುದು ತಿಳಿಯುತ್ತಿತ್ತು. ಒತ್ತುತ್ತ ಒತ್ತುತ್ತ ಅವನ ಕೈ ನಿಧಾನವಾಗಿ ನಿಂತಿತು. "ಯಾಕೋ ನಿಲ್ಲಿಸಿದೆ?" ಎಂದಳು ಅಮ್ಮ. ಅವನು ಮತ್ತೆ ಒತ್ತತೊಡಗಿದ, ಆದರೆ ಯೋಚನೆ ಆಗಲೇ ಒಳಗೆ ಬಂದು ಚಾಪೆ ಹಾಸಿಕೊಂಡು ಕೂತಿತ್ತು.

ಕೆಲಸ ಕಷ್ಟದ್ದೇನೂ ಆಗಿರಲಿಲ್ಲ. ಗೋಲ್‌ಕೀಪರ್ ಎನ್ನುವವನು ಪ್ಯಾಡು, ಎದೆಗವಚ, ಕೈಗವಸು ಎಲ್ಲ ತೊಟ್ಟ ಮೇಲೆ ತನ್ನ ಕಾಲನ್ನು ತಾನೇ ಮುಟ್ಟಲಾರ. ಅಗಳಿಯ ಪ್ಯಾಡಿನ ಪಟ್ಟಿ ಬಿಗಿಯುವವನು ಸ್ಟೆಪ್ನಿ, ಭುಜಕ್ಕೆ ಟೇಪು ಸುತ್ತುವವನು ಸ್ಟೆಪ್ನಿ, ಪಂದ್ಯಕ್ಕೆ ಮೊದಲು ಕುಡಿಯುವ ಉಪ್ಪು ಸಕ್ಕರೆ ನಿಂಬೆಯ ನೀರು ಕಲಸುವವನೂ ಅವನೇ. ಬೇರೆ ಯಾರು ಕೊಟ್ಟರೂ ಅಗಳಿ ಕುಡಿಯುತ್ತಿರಲಿಲ್ಲ. ನಿಂಬೆಯನ್ನು ಸಿಪ್ಪೆಯ ಸಮೇತ ಹಿಂಡಿದರೆ ಒಂದಿಷ್ಟು ಕಹಿ ಇಳಿಯುತ್ತದೆ. ಆ ಕಹಿಯಲ್ಲಿ ಇನ್ನೊಂದು ಕಹಿ ಕರಗಿಹೋಗುತ್ತದೆ. ಬಿಸಿಲಿನ ಮಧ್ಯಾಹ್ನ, ಮೈಮೇಲೆ ಮಣಗಟ್ಟಲೆ ಸರಂಜಾಮು. ಗೋಲ್‌ಕೀಪರನ ತೊಡೆ ಹಿಡಿದುಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಇಡೀ ತಂಡವೇ ಕುಂಟುತ್ತಿರುವಾಗ ಇನ್ನೊಬ್ಬ ಕುಂಟಿದರೆ ಅದೇನು ಸುದ್ದಿಯೇ?

ಆದರೂ ಒಂದು ಅಳುಕಿತ್ತು. ಅಮ್ಮನಿಗೆ ಕಾಲು ಬಾವು, ಅಗಳಿಗೆ ಏನೂ ಇಲ್ಲ. ಅವನ ಎದೆಗಿದೆಗೆ ಏನಾದರೂ ಆದರೆ? ಸ್ಟೆಪ್ನಿಗೆ ಬೇಕಾಗಿದ್ದದ್ದು ಅವನ ಜಾಗ, ಜೀವವಲ್ಲ. ಹಾಗಾಗಿ ಪಂದ್ಯಕ್ಕೆ ಮುಂಚೆ ಆ ವಾರದ ಅಭ್ಯಾಸದ ದಿನವೊಂದರಲ್ಲಿ ಮಾತ್ರೆಯನ್ನು ಮೊದಲು ತಾನೇ ನುಂಗಿ ನೋಡಿದ. ಹಸುಗೂಸಿಗೆ ಹಾಲು ಕೊಡುವ ಮುನ್ನ ತಾಯಿ ಒಂದು ಹನಿ ತನ್ನ ಕೈಮೇಲೆ ಬಿಟ್ಟು ಬಿಸಿ ನೋಡಿಕೊಳ್ಳುತ್ತಾಳಲ್ಲ, ಹಾಗೆ. ನಾಲ್ಕಾರು ಸಲ ಬಚ್ಚಲಿಗೆ ಹೋದ, ಬಾಯಿ ಒಣಗಿತು, ಕೊನೆಯ ಓಟದಲ್ಲಿ ತೊಡೆ ಕಲ್ಲಾಯಿತು. ಸಂಜೆ ಚೆನ್ನಾಗಿ ನೀರು ಕುಡಿದ ಮೇಲೆ ಸರಿಹೋಯಿತು. ಇಷ್ಟೇ ತಾನೇ ಎಂದು ಸಮಾಧಾನಪಟ್ಟುಕೊಂಡ. ಆ ಸಮಾಧಾನ ಅವನಿಗೆ ಒಂದು ಬಗೆಯ ಪುಣ್ಯದ ಹಾಗೂ ಕಂಡಿತು. ತಾನು ಅನುಭವಿಸದ ಕಷ್ಟವನ್ನೇನೂ ಅಗಳಿಗೆ ಕೊಡುತ್ತಿಲ್ಲವಲ್ಲ.

ಮೂತ್ರದ ತಪಾಸಣೆಯ ವಿಷಯವನ್ನೂ ಅವನು ಮರೆಯಲಿಲ್ಲ. ಈ ಜಾತಿಯ ಮಾತ್ರೆ ಆಟಗಾರರಿಗೆ ನಿಷೇಧ, ಬೇರೆ ಮದ್ದಿನ ಗುರುತನ್ನು ಇದು ತೊಳೆದುಹಾಕುತ್ತದೆ ಎಂದು ತಂಡದ ಡಾಕ್ಟರು ಪಾಠ ಮಾಡಿದ್ದರು. ತಪಾಸಣೆಗೆ ಚೀಟಿ ಎತ್ತುವುದು ಪಂದ್ಯದ ಆರಂಭಕ್ಕೆ ಕಣದಲ್ಲಿ ನಿಂತವರಲ್ಲಿ ಮಾತ್ರ. ಬೆಂಚಿನವರ ನಂಬರು ಡಬ್ಬಿಯೊಳಗೆ ಬೀಳುವುದೇ ಇಲ್ಲ. ಅಗಳಿಯ ನಂಬರು ಬೀಳುತ್ತದೆ. ಹನ್ನೊಂದರಲ್ಲಿ ಅದೊಂದೇ ಬಂದುಬಿಟ್ಟರೆ ಅವನ ಆಟ, ಹೆಸರು, ಅನ್ನ ಎಲ್ಲ ಹೋಯಿತು. ಆ ಯೋಚನೆ ಬಂದಾಗ ಸ್ಟೆಪ್ನಿ ಎದ್ದು ಹೋಗಿ ಮುಖ ತೊಳೆದುಕೊಂಡ. ಬರಲಾರದು ಎಂದುಕೊಂಡ. ಒರೆಸಿಕೊಂಡು ಕೂತ ಮೇಲೆ ಮತ್ತೆ ಬಂತು, ಮತ್ತೆ ಹೋಗಿ ತೊಳೆದುಕೊಂಡ.

ಪಂದ್ಯದ ಮಧ್ಯಾಹ್ನ ಡ್ರೆಸ್ಸಿಂಗ್ ಕೋಣೆಯಲ್ಲಿ ಮುಲಾಮಿನ ವಾಸನೆ, ಒದ್ದೆ ಟವಲಿನ ವಾಸನೆ. ಅಗಳಿ ಕೈ ಚಾಚಿದ, ಸ್ಟೆಪ್ನಿ ಬಾಟಲಿ ಕೊಟ್ಟ. ಅಗಳಿ ಒಂದೇ ಉಸಿರಿಗೆ ಅರ್ಧ ಕುಡಿದು ಮುಖ ಕಿವುಚಿದ.

"ಇವತ್ತೇನೋ ಕಹಿ."

"ಸಿಪ್ಪೆ ಜಾಸ್ತಿ ಆಯ್ತೇನೋ ಅಣ್ಣ. ಬೇರೆ ಮಾಡ್ಲಾ?"

ಬೇಡ ಬಿಡು, ನಿನ್ನ ಕೈಯಲ್ಲಿ ವಿಷ ಕೊಟ್ರೂ ಕುಡಿಯೋದೇ ಎಂದು ಅಗಳಿ ಉಳಿದದ್ದನ್ನೂ ಮುಗಿಸಿದ. ಸ್ಟೆಪ್ನಿ ಬಗ್ಗಿ ಪ್ಯಾಡಿನ ಪಟ್ಟಿ ಬಿಗಿಯತೊಡಗಿದ. ಮುಖ ಕೆಳಗಿದ್ದದ್ದು ಒಳ್ಳೆಯದೇ ಆಯಿತು.

ಎಲ್ಲ ಅವನು ಅಂದುಕೊಂಡ ಹಾಗೆಯೇ ನಡೆಯಿತು. ಮೊದಲ ಕಾಲು ಭಾಗ ಅಗಳಿ ಅಗಳಿಯ ಹಾಗೆಯೇ ನಿಂತ. ಆಮೇಲೆ ಅವನು ಗೋಲುಕಂಬಕ್ಕೆ ಒರಗಿ ತೊಡೆ ಉಜ್ಜಿಕೊಳ್ಳುವುದು ಬೆಂಚಿಗೆ ಕಂಡಿತು. ಕೆಳಗೆ ಬಂದ ಚೆಂಡಿಗೆ ಅವನು ಬೀಳಬೇಕಿತ್ತು, ಬೀಳಲಾಗಲಿಲ್ಲ. ಒಂದು ಗೋಲು. ಇನ್ನೊಂದಕ್ಕೆ ಬಿದ್ದ, ಏಳಲಾಗಲಿಲ್ಲ. ಎರಡು. ಮೂರನೆಯದು ಒಳಗೆ ಹೋಗುವಾಗ ಅವನು ಮಂಡಿಯೂರಿ ಸುಮ್ಮನೆ ನೋಡುತ್ತಿದ್ದ. ಜನ ಬೈದರು. ಇಷ್ಟು ವರ್ಷ ಹೆಗಲ ಮೇಲೆ ಹೊತ್ತವರೇ, ಮುದಿಯಾದ ಅಗಳಿ ತುಕ್ಕು ಹಿಡೀತು, ಕಿತ್ತು ಬಿಸಾಕಿ ಎಂದು ಕೂಗಿದರು. ಸ್ಟೆಪ್ನಿ ಕಿವಿ ಮುಚ್ಚಿಕೊಳ್ಳುವಂತಿರಲಿಲ್ಲ. ಇದನ್ನು ಮಾತ್ರ ಅವನು ತನ್ನ ಮೈಮೇಲೆ ಮೊದಲೇ ಪರೀಕ್ಷಿಸಿ ನೋಡಿರಲಿಲ್ಲ.

ಮಧ್ಯವಿರಾಮದಲ್ಲಿ ಕೋಚ್ ಅವನ ಕಡೆ ನೋಡದೆಯೇ ಬೆರಳು ತೋರಿಸಿ, ನೀನು ಹೋಗು, ಇನ್ನು ಕೆಡೋದಕ್ಕೆ ಏನಿದೆ ಎಂದ. ಸ್ಟೆಪ್ನಿ ಬಾಟಲಿ ತೊಳೆದು ಬೋರಲು ಹಾಕಿ ಬಂದು, ಪ್ಯಾಡಿನೊಳಗೆ ಕಾಲಿಟ್ಟ. ಬಗ್ಗಲಾಗಲಿಲ್ಲ. ನೆಲದ ಮೇಲೆ ಕಾಲು ಚಾಚಿ ಮಲಗಿದ್ದ ಅಗಳಿ ತೆವಳಿಕೊಂಡು ಬಂದು, ಹಲ್ಲು ಕಚ್ಚಿ, ಸರಿಯಿದ್ದ ಕೈಯಿಂದ ಅವನ ಪಟ್ಟಿ ಬಿಗಿದ.

ಮೂರು ಗೋಲು ಹಿಂದೆ ಬಿದ್ದ ತಂಡ ಎದ್ದ ಬಗೆಯನ್ನು ಆ ಊರಿನವರು ಬಹಳ ಕಾಲ ಹೇಳಿಕೊಂಡರು. ಎದುರಾಳಿಗಳು ಗೆದ್ದೆವೆಂದು ಮೈ ಸಡಿಲ ಬಿಟ್ಟರು. ನಾಯಕನ ಬದಲಿಗೆ ಮೊದಲಿಂದಲೂ ಆಡುತ್ತಿದ್ದ ಗಿಡ್ಡನೊಬ್ಬ, ಸಂತೆಯ ಗದ್ದಲದಲ್ಲಿ ನುಸುಳುವವನ ಹಾಗೆ ಎಲ್ಲರ ಸೊಂಟದ ಕೆಳಗೆ ತೂರಿ ಮೊದಲನೆಯದನ್ನು ಹೊಡೆದ. ಮುರಿದ ಬೆರಳಿನವನ ಜಾಗದಲ್ಲಿದ್ದ ಮೌನಿ ಹುಡುಗ ಪೆನಾಲ್ಟಿ ಕಾರ್ನರಿನಲ್ಲಿ ಎರಡನೆಯದು. ಬೆಂಚಿನವರ ತಂಡ ಆಡುತ್ತಿತ್ತು. ಕಳೆದುಕೊಳ್ಳಲು ಅವರಲ್ಲಿ ಯಾರಿಗೂ ಏನೂ ಇರಲಿಲ್ಲ. ಇತ್ತ ಸ್ಟೆಪ್ನಿ, ಪಾಪದ ಭಯದಿಂದಲೋ ಏನೋ, ಬಂದದ್ದಕ್ಕೆಲ್ಲ ಮೈಯೊಡ್ಡಿದ. ಚೆಂಡು ತಾಗಿದ ಕಡೆಯೆಲ್ಲ ಉರಿಯಿತು, ಆ ಉರಿ ಬೇಕೆನಿಸಿತು. ತಾಗಿದಷ್ಟೂ ಏನೋ ತೀರುತ್ತಿದೆ ಎನಿಸಿತು. ಗಿಡ್ಡ ಮತ್ತೊಂದು ಹೊಡೆದು ಸಮ ಮಾಡಿದ.

ಆಗ ಎದುರಾಳಿಗಳಿಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆಯುವವನೂ ಕಾಯುವವನೂ ಮಾತ್ರ. ಸ್ಟೆಪ್ನಿ ಒಮ್ಮೆ ಬೆಂಚಿನ ಕಡೆ ತಿರುಗಿದ. ಅಗಳಿ ಇಬ್ಬರ ಹೆಗಲ ಮೇಲೆ ಭಾರ ಹಾಕಿ ಎದ್ದು ನಿಂತಿದ್ದ. ಆ ಹೊಡೆತಗಾರನನ್ನು ಅವನು ಎಷ್ಟೋ ಸಲ ಎದುರಿಸಿದ್ದ. ತನ್ನ ಬಲ ತೊಡೆಯನ್ನು ಎರಡು ಸಲ ತಟ್ಟಿ ತೋರಿಸಿದ. ಸ್ಟೆಪ್ನಿ ಬಲಕ್ಕೆ ಹಾರಿದ. ಚೆಂಡು ಕೈಗವಸಿಗೆ ಬಡಿದು ಹೊರಗೆ ಹೋಯಿತು. ಅದೇ ಹುಮ್ಮಸ್ಸಿನಲ್ಲಿ ಮೌನಿ ಹುಡುಗ ಕೊನೆಯ ಗೋಲು ಹೊಡೆದು, ಹುಟ್ಟಿದ ಮೇಲೆ ಮೊದಲ ಸಲವೇನೋ ಎಂಬಂತೆ ಕಿರುಚಿದ.

ಎಲ್ಲರೂ ಸ್ಟೆಪ್ನಿಯ ಮೇಲೆ ಬಿದ್ದರು. ಅವನ ಕಣ್ಣು ಮಾತ್ರ ಮ್ಯಾನೇಜರನ ಕೈಯಲ್ಲಿದ್ದ ಚೀಟಿಯ ಮೇಲಿತ್ತು. ತಪಾಸಣೆಗೆ ಯಾರ ನಂಬರು ಬಂತು ಎಂದು ಆದಷ್ಟು ಸಹಜವಾಗಿ ಕೇಳಿದ. ಗಿಡ್ಡನದು. ಪಾಪ, ಬೆವರಿ ಬೆವರಿ ಅವನಲ್ಲಿ ಒಂದು ತೊಟ್ಟೂ ಉಳಿದಿರಲಾರದು ಎಂದು ಮ್ಯಾನೇಜರ್ ನಕ್ಕ. ಸ್ಟೆಪ್ನಿಯೂ ನಕ್ಕ. ಹಾಗೇ ಹುಲ್ಲುಹಾಸಿನ ಮೇಲೆ ಕೂತ. ಅಗಳಿ ಉಳಿದುಕೊಂಡ. ಬಾಟಲಿ ತೊಳೆದಾಗಿತ್ತು, ಮಾತ್ರೆಯ ಖಾಲಿ ಹಾಳೆಯನ್ನು ಮನೆಯ ಒಲೆಯಲ್ಲಿ ಸುಟ್ಟಾಗಿತ್ತು. ಕೆಟ್ಟದ್ದೇನೂ ನಡೆಯಲೇ ಇಲ್ಲವೆಂದು ಇನ್ನು ಮೇಲೆ ದಿನಕ್ಕೊಂದಿಷ್ಟು ನಂಬುತ್ತ ಹೋದರೆ, ಒಂದು ದಿನ ಪೂರಾ ನಂಬಿಕೆ ಬರಬಹುದು.

ಅಗಳಿ ಕುಂಟುತ್ತ ಬಂದು ಪಕ್ಕದಲ್ಲಿ ಕೂತ.

"ಇವತ್ತು ನಿನ್ನ ಜಾಗದಲ್ಲಿ ಕೂತಿದ್ದೆ ಕಣೋ" ಎಂದ. "ಅಲ್ಲಿ ಕೂರೋದು ಇಷ್ಟು ಕಷ್ಟ ಅಂತ ನಂಗೆ ಗೊತ್ತೇ ಇರಲಿಲ್ಲ. ಒಂದು ಸಲವಾದ್ರೂ ನಾನೇ ಕೋಚ್‌ಗೆ ಹೇಳಬೇಕಿತ್ತು, ಅವನೂ ಆಡಲಿ ಅಂತ."

ಸ್ಟೆಪ್ನಿ ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದೇಬಿಟ್ಟಿದ್ದ. ಅಷ್ಟರಲ್ಲಿ ಧ್ವನಿವರ್ಧಕ ಅವನ ಹೆಸರು ಕೂಗಿತು. ಸ್ಟೆಪ್ನಿ ಎಂದಲ್ಲ, ಅವನ ಅಪ್ಪ ಅಮ್ಮ ಇಟ್ಟ ಹೆಸರು. ಪಂದ್ಯದ ಅತ್ಯುತ್ತಮ ಆಟಗಾರ. ಆ ಹೆಸರು ತನ್ನದೆಂದು ತಿಳಿಯಲು ಅವನಿಗೇ ಒಂದು ಗಳಿಗೆ ಬೇಕಾಯಿತು. ಅಗಳಿ ಬೆನ್ನಿಗೆ ಗುದ್ದಿ ಎಬ್ಬಿಸಿದ. ಮೆಟ್ಟಿಲುಗಳ ಮೇಲೆಲ್ಲೋ ಹೆಂಡತಿ ಮಗಳನ್ನು ಎತ್ತಿ ಹಿಡಿದಿದ್ದಳು. ಅವನು ವೇದಿಕೆಯ ಕಡೆ ನಡೆದ.

ಕಪ್ಪು ಹಿಡಿದುಕೊಂಡು ವೇದಿಕೆ ಇಳಿಯುವಾಗ, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಹೆಂಗಸೊಬ್ಬಳು ನಗುತ್ತ ಎದುರಾಗಿ, ಈ ಕಡೆ ಬನ್ನಿ ಸರ್, ತಪಾಸಣೆ ಕೋಣೆ ಇಲ್ಲಿದೆ ಎಂದಳು. ಗಿಡ್ಡನನ್ನು ಹುಡುಕುತ್ತಿರಬೇಕೆಂದು ಅವನು ಹಿಂದಕ್ಕೆ ಕೈ ತೋರಿಸಿದ. "ಅವರದು ಚೀಟಿಯಲ್ಲಿ ಬಂದಿದ್ದು" ಎಂದಳು ಅವಳು. "ಅತ್ಯುತ್ತಮ ಆಟಗಾರರಿಗೆ ಚೀಟಿ ಇಲ್ಲ ಸರ್. ಅವರು ಯಾವಾಗಲೂ ಬರಲೇಬೇಕು." ಗೊತ್ತಿಲ್ಲದ ನಿಯಮವೇನಲ್ಲ, ತಂಡದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಕೋಚನ ಮರ್ಜಿ, ನಿಂಬೆಯ ಕಹಿ, ಡಬ್ಬಿಯೊಳಗಿನ ನಂಬರು, ಅಗಳಿಯ ಎದೆಬಡಿತ, ಎಲ್ಲವನ್ನೂ ತೂಗಿ ನೋಡಿದವನಿಗೆ, ತಾನು ಅಷ್ಟು ಚೆನ್ನಾಗಿ ಆಡಿಬಿಡಬಹುದು ಎಂಬುದು ಮಾತ್ರ ಒಮ್ಮೆಯೂ ಹೊಳೆದಿರಲಿಲ್ಲ. ಅವಳು ಅವನ ಕೈಯಿಂದ ಕಪ್ಪನ್ನು ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟು, ಮುಚ್ಚಳದ ಸಣ್ಣ ಶೀಸೆಯೊಂದನ್ನು ಕೊಟ್ಟು, ದಿನವೂ ಕೇಳಿ ಕೇಳಿ ಸವೆದುಹೋದ ದನಿಯಲ್ಲಿ ಕೇಳಿದಳು: "ಈ ವಾರ ಮಾತ್ರೆ ಗೀತ್ರೆ ಏನಾದ್ರೂ ತಗೊಂಡಿದ್ರಾ ಸರ್?"