ಮುಕ್ಕಾಲು ಮೀಟರ್

ಗಂಗಾಧರಯ್ಯನವರ ಹೆಣವನ್ನು ಮೊದಲು ಕಂಡವಳು ರೇಖಾ. ಅದೇ ಅವಳಿಗೆ ಮುಳುವಾಯಿತು.

ಬೆಳಿಗ್ಗೆ ಆರೂ ಮುಕ್ಕಾಲು. ಬನಶಂಕರಿ ದಾಟಿ ರಿಂಗ್ ರೋಡಿಗೆ ಅಂಟಿಕೊಂಡಿರುವ ಸುವರ್ಣಮುಖಿ ವಿಶ್ವವಿದ್ಯಾಲಯದ ಮೈದಾನ. ಕ್ರೀಡಾ ಸಾಮಾನಿನ ಶೆಡ್ ತೆರೆದರೆ, ಒಳಗೆ ಹಳೆಯ ಹಾಸಿನ ಮೇಲೆ ಕ್ರೀಡಾ ವಿಭಾಗದ ಸೂಪರಿಂಟೆಂಡೆಂಟ್ ಗಂಗಾಧರಯ್ಯ ಬೋರಲು ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ಗೂಟ ಹೊಡೆಯುವ ಸುತ್ತಿಗೆ. ಜೀವ ಇದೆಯೇನೋ ಎಂದು ರೇಖಾ ಅವರನ್ನು ಎತ್ತಿ ಕೂರಿಸಲು ಹೋಗಿದ್ದಳು. ನಾವು ತಲುಪುವ ಹೊತ್ತಿಗೆ ಅವಳ ಎರಡೂ ಕೈಗಳಲ್ಲಿ ರಕ್ತ ಒಣಗಿತ್ತು.

ನಾವು ಎಂದರೆ ಇನ್‌ಸ್ಪೆಕ್ಟರ್ ಇಂದ್ರಾಣಿ ಮೇಡಂ ಮತ್ತು ಹೆಡ್ ಕಾನ್‌ಸ್ಟೆಬಲ್ ಮಹೇಶನಾದ ನಾನು. ನನ್ನದು ಕ್ರೀಡಾ ಕೋಟಾದ ನೌಕರಿ. ಕಬಡ್ಡಿ ಆಡಿ ಬಂದವನು. ಆ ಕಬಡ್ಡಿಯನ್ನು ನನಗೆ ಕಲಿಸಿದವರು ಇದೇ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಬೈರಣ್ಣ. ಅವರ ಎದುರು ನೋಟ್‌ಬುಕ್ ಹಿಡಿದು ನಿಲ್ಲಬೇಕಲ್ಲ ಎಂದು ಬೆಳಿಗ್ಗೆಯಿಂದಲೇ ನನಗೆ ಮುಜುಗರವಾಗಿತ್ತು.

ಎಂಟಕ್ಕೆ ಎಸಿಪಿ ಸಾಹೇಬರ ಫೋನ್ ಬಂತು. ಕುಲಪತಿಗಳ ಕಚೇರಿಯಿಂದ ಅವರಿಗೆ ಆಗಲೇ ಎರಡು ಸಲ ಕರೆ ಹೋಗಿತ್ತಂತೆ.

"ಕೈಗೆ ರಕ್ತ ಮೆತ್ಕೊಂಡು ನಿಂತಿದಾಳೆ. ನಿನ್ನೆ ಆಫೀಸಲ್ಲಿ ಜಗಳ ಬೇರೆ ಆಡಿದಾಳೆ. ಇನ್ನೇನ್ರೀ ಬೇಕು? ಹನ್ನೆರಡರೊಳಗೆ ಅರೆಸ್ಟ್ ತೋರ್ಸಿ."

"ಹನ್ನೆರಡರ ತನಕ ಟೈಮ್ ಇದೆಯಲ್ಲ ಸಾರ್," ಎಂದರು ಮೇಡಂ.

ರೇಖಾಳನ್ನು ಗ್ಯಾಲರಿಯ ಮೆಟ್ಟಿಲ ಮೇಲೆ ಕೂರಿಸಿದ್ದೆವು. ಶ್ರೀನಗರದವಳು. ಹನ್ನೊಂದು ವರ್ಷದಿಂದ ಹೆಂಗಸರ ಕಬಡ್ಡಿ ತಂಡಕ್ಕೆ ಅತಿಥಿ ಕೋಚ್. ಪ್ರತಿ ವರ್ಷ ಜೂನ್‌ನಲ್ಲಿ ಹೊಸ ಆದೇಶ, ಏಪ್ರಿಲ್‌ನಲ್ಲಿ ಮನೆಗೆ.

"ನಿನ್ನೆ ಜಗಳ ಯಾಕೆ?"

"ತಂಡಕ್ಕೆ ಖಾಯಂ ಕೋಚ್ ಹುದ್ದೆ ಬಂತು ಮೇಡಂ. ಇಂಟರ್‌ವ್ಯೂ ಆಯ್ತು, ಪ್ರಾಕ್ಟಿಕಲ್ ಆಯ್ತು. ಲಿಸ್ಟಲ್ಲಿ ಬಂದಿದ್ದು ಮನೋಜ್ ಹೆಸ್ರು."

"ಯಾರು ಮನೋಜ್?"

"ಬೈರಣ್ಣ ಸಾರ್ ಅಕ್ಕನ ಮಗ. ಸಾರೇ ಸಮಿತೀಲಿ ಕೂತಿದ್ರು. ಪ್ರಾಕ್ಟಿಕಲ್ ಅಂಕಪಟ್ಟಿ ಕೊಡಿ ಅಂತ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕ್ದೆ. ಒಂದು ತಿಂಗ್ಳು ಓಡಾಡ್ಸಿದ್ರು. ನಿನ್ನೆ ಗಂಗಾಧರಯ್ಯನವರಿಗೆ, ಕೊಡ್ಲಿಲ್ಲ ಅಂದ್ರೆ ಸುಮ್ನೆ ಬಿಡಲ್ಲ ಅಂತ ಕೂಗಾಡ್ದೆ."

"ಅವ್ರೇನಂದ್ರು?"

"ನಾಳೆ ಬಾರಮ್ಮ, ಒರಿಜಿನಲ್ಲೇ ಕೊಡ್ತೀನಿ, ನನ್ನ ಬ್ಯಾಗಲ್ಲೇ ಇದೆ ಅಂದ್ರು. ಮೆತ್ತಗೆ ಹೇಳ್ಲಿಲ್ಲ. ಅಲ್ಲಿದ್ದೋರೆಲ್ಲ ಕೇಳಿಸ್ಕೊಂಡ್ರು."

ಬ್ಯಾಗ್ ಶೆಡ್ಡಿನಲ್ಲೇ ಸಿಕ್ಕಿತ್ತು. ಅದರಲ್ಲಿ ಟಿಫಿನ್ ಡಬ್ಬಿ, ಕನ್ನಡಕದ ಡಬ್ಬಿ, ಮಡಚಿದ ಕೊಡೆ. ಅಂಕಪಟ್ಟಿ ಇರಲಿಲ್ಲ.

"ಬೇರೆ ಕಡೆ ಪ್ರಯತ್ನ ಮಾಡ್ಬೋದಿತ್ತಲ್ಲ?"

"ಮುಂದಿನ ತಿಂಗ್ಳು ನಲ್ವತ್ತು ತುಂಬತ್ತೆ ಮೇಡಂ. ಆಮೇಲೆ ಖಾಯಂ ಹುದ್ದೆಗೆ ಅರ್ಜಿ ಹಾಕಂಗೇ ಇಲ್ಲ. ನಂಗೆ ಇದೊಂದೇ ಉಳ್ದಿದ್ದು." ಅವಳು ಕೈಗಳನ್ನು ಮಡಿಲಲ್ಲಿ ಬೋರಲು ಇಟ್ಟುಕೊಂಡಳು. "ಆ ಕಾಗ್ದ ಅವ್ರ ಕೈಲಿತ್ತು. ಅವ್ರು ಬದುಕಿದ್ರೇನೇ ನಂಗೆ ಲಾಭ. ಇದನ್ನ ಯಾರಿಗೆ ಹೇಳ್ಲಿ?"

ನನಗೆ ಅವಳನ್ನು ನಂಬಬೇಕು ಅನ್ನಿಸಿತು. ಆದರೆ ಅನ್ನಿಸಿದ್ದನ್ನು ಕೋರ್ಟಿನಲ್ಲಿ ಹಾಜರುಪಡಿಸಲು ಆಗುವುದಿಲ್ಲ.

ಮುಂದಿನವರು ಮೈದಾನದ ಕೆಲಸಗಾರ ಹನುಮಯ್ಯ. ಗಿರಿನಗರದಿಂದ ಏಳು ಗಂಟೆಯ ಬಸ್ಸಿಗೆ ಬಂದವರು ಗುಂಪು ನೋಡಿ ಗೇಟಿನ ಹತ್ತಿರವೇ ನಿಂತುಬಿಟ್ಟಿದ್ದರು.

"ಶೆಡ್ ಕೀ ಎಲ್ಲಿರತ್ತೆ?"

"ವಾಟರ್ ಟ್ಯಾಂಕ್ ಹಿಂದೆ ಮೊಳೆಗೆ ನೇತಾಕಿರ್ತೀನಿ ಮೇಡಂ. ಎಲ್ರಿಗೂ ಗೊತ್ತು."

"ಸುತ್ತಿಗೆ?"

"ನಿನ್ನೆ ಸಾಯಂಕಾಲ ಕಬಡ್ಡಿ ಅಂಕಣ ಹಾಕ್ದೆ. ಹಗ್ಗ, ಗೂಟ, ಸುತ್ತಿಗೆ, ಸುಣ್ಣದ್ ಚೀಲ ಎಲ್ಲಾ ಅಲ್ಲೇ ಅಂಕಣದ್ ಪಕ್ಕ ಬಿಟ್ಟೋಗಿದ್ದೆ. ಇವತ್ತು ಏಳಕ್ಕೆ ಹುಡ್ಗೀರ ಟ್ರಯಲ್ಸ್ ಇತ್ತಲ್ಲ."

"ನೀರು ಯಾವಾಗ ಹಾಕ್ತೀರಿ?"

"ಗೆರೆ ಹಾಕೋಕ್ ಮುಂಚೆ. ಆಮೇಲೆ ಹಾಕಿದ್ರೆ ಸುಣ್ಣ ಕಲಸೋಗ್ತದೆ."

ಮೇಡಂ ತಲೆಯಾಡಿಸಿ ಅಂಕಣದತ್ತ ನಡೆದರು. ಶೆಡ್ಡಿನ ಕಡೆಯ ಅರ್ಧದಲ್ಲಿ ಮಣ್ಣು ಹಸಿಯಾಗಿತ್ತು, ಇನ್ನೊಂದು ಅರ್ಧ ಒಣಗಿತ್ತು. ನಾನು ಹಸಿ ಮಣ್ಣಿನ ಅರ್ಧದ ನಡುವೆ ನಿಂತೆ.

"ಮಹೇಶ್, ನೀವು ಆಟಗಾರರಲ್ವಾ? ಈ ಗೆರೆಗಳೆಲ್ಲ ಸರಿಯಾಗಿದ್ಯಾ?"

ಸುತ್ತ ಕಣ್ಣಾಡಿಸಿದೆ. ನಡುಗೆರೆ, ಅದರಾಚೆ ಬಾಕ್ ಲೈನ್, ಅಂದರೆ ದಾಳಿಗೆ ಬಂದವನು ದಾಟಲೇಬೇಕಾದ ಗೆರೆ. ಅದರ ಹಿಂದೆ ಒಂದು ಮೀಟರಿಗೆ ಬೋನಸ್ ಲೈನ್. ಎಲ್ಲ ಅದರದರ ಜಾಗದಲ್ಲಿತ್ತು.

"ಸರಿಯಾಗೇ ಇದೆ ಮೇಡಂ."

"ಖಚಿತಾನಾ?"

"ಹದಿನೆಂಟು ವರ್ಷ ಆಡಿದೀನಿ," ಎಂದೆ, ಸ್ವಲ್ಪ ಜಂಬದಿಂದಲೇ.

ಬೈರಣ್ಣ ತಮ್ಮ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಬಿಳೇಕಹಳ್ಳಿಯ ಹಳೇ ಊರಿನವರು, ಒಂದು ಕಾಲಕ್ಕೆ ರಾಗಿ ಬೆಳೆದ ಜಾಗದಲ್ಲಿ ಈಗ ಬಾಡಿಗೆ ಮನೆಗಳ ಸಾಲು. ಆದರೂ ಬೆಳಿಗ್ಗೆ ಏಳಕ್ಕೆ ಮೈದಾನ ತಪ್ಪಿಸಿದವರಲ್ಲ. ಕಬಡ್ಡಿಯಲ್ಲಿ ರಾಷ್ಟ್ರಮಟ್ಟದ ರೆಫರಿ.

"ಆರು ಗಂಟೆಗೆ ಎಲ್ಲಿದ್ರಿ?"

"ಮನೇಲಿ. ಅಂಜನಮ್ಮನ್ನ ಕೇಳಿ, ನಮ್ಮಕ್ಕ. ಮಹಡಿ ಮೇಲೇ ಅವ್ಳ ಮನೆ."

"ನಿಮ್ಮಕ್ಕನ ಮಗನ ಆಯ್ಕೆ ಸಮಿತೀಲಿ ನೀವು ಕೂತಿದ್ದು ಸರೀನಾ?"

"ಐದು ಜನ ಇದ್ವಿ ಮೇಡಂ. ಹುಡುಗ ಎರಡು ಸಲ ರಾಜ್ಯ ತಂಡಕ್ಕೆ ಆಡಿದಾನೆ. ನನ್ನಕ್ಕನ ಮಗ ಅನ್ನೋದೇ ಅವನ ತಪ್ಪಾ?" ಅವರು ನನ್ನತ್ತ ತಿರುಗಿದರು. "ಏನೋ ಮಹೇಶಾ, ನಿನ್ನ ನೌಕರಿಗೆ ನಾನು ಶಿಫಾರಸು ಲೆಟರ್ ಕೊಟ್ಟಾಗ ಯಾರಾದ್ರೂ ಹಿಂಗೆ ಕೇಳಿದ್ರೇನೋ?"

ನಾನು ನೋಟ್‌ಬುಕ್ ನೋಡಿದೆ. ಆ ಪತ್ರ ನಿಜ. ಅದಕ್ಕೆ ನಾನು ಅರ್ಹನೋ ಅಲ್ಲವೋ ಎಂದು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ.

ಮನೋಜ್ ಇಪ್ಪತ್ತೇಳರ ಹುಡುಗ. ಕಟ್ಟುಮಸ್ತು, ವಿನಯವಂತ. ಕುಳಿತುಕೋ ಎಂದರೂ ಕೂರಲಿಲ್ಲ.

"ಬೆಳಿಗ್ಗೆ ಜೆ.ಪಿ. ನಗರದಲ್ಲಿ ಜಾಗಿಂಗ್ ಮಾಡ್ತಿದ್ದೆ ಮೇಡಂ. ಒಬ್ನೇ. ಏಳಕ್ಕೆ ಇಲ್ಲಿಗೆ ಬಂದೆ."

"ಇವತ್ತಿನ ಟ್ರಯಲ್ಸ್ ಯಾರು ನಡೆಸ್ಬೇಕಾಗಿತ್ತು?"

"ನಾನೇ. ಫಸ್ಟ್ ಟೈಮ್. ರೇಖಾ ಮೇಡಂ ಸಹಾಯಕ್ಕೆ ಅಂತ."

"ಹೆಂಗಸರ ತಂಡಕ್ಕೆ ಮುಂಚೆ ಕೋಚಿಂಗ್ ಮಾಡಿದೀರಾ?"

"ಕಬಡ್ಡಿ ಕಬಡ್ಡೀನೇ ಅಲ್ವಾ ಮೇಡಂ."

ಹನ್ನೊಂದಾಯಿತು. ಎಸಿಪಿ ಮತ್ತೆ ಫೋನ್ ಮಾಡಿದರು. ರೇಖಾಳ ತಾಯಿ ರುದ್ರಮ್ಮ ಗೇಟಿನ ಹತ್ತಿರ ಬಂದು ನಿಂತಿದ್ದರು. ಒಳಗೆ ಬಿಡಲಿಲ್ಲ. ನನಗೆ ಆ ಕಡೆ ನೋಡಲು ಆಗಲಿಲ್ಲ.

ಮೇಡಂ ಒಂದು ವಿಚಿತ್ರ ಕೆಲಸ ಮಾಡಿದರು. ಗ್ಯಾಲರಿಯ ಹಿಂದಿನ ಖಾಲಿ ಜಾಗದಲ್ಲಿ ಸುಣ್ಣದಿಂದ ಒಂದೇ ಒಂದು ಗೆರೆ ಎಳೆಸಿದರು. ನಾಲ್ವರನ್ನೂ ಬೇರೆ ಬೇರೆ ಕೂರಿಸಿ, ಒಬ್ಬೊಬ್ಬರನ್ನೇ ಅಲ್ಲಿಗೆ ಕರೆಸಿದರು. ಕೈಗೊಂದು ಗೂಟ ಕೊಟ್ಟು ಎಲ್ಲರಿಗೂ ಒಂದೇ ಪ್ರಶ್ನೆ.

"ಇದು ನಡುಗೆರೆ. ಇವತ್ತಿನ ಟ್ರಯಲ್ಸ್‌ಗೆ ಬಾಕ್ ಲೈನ್ ಎಲ್ಲಿ ಬರ್ಬೇಕು? ಹೆಜ್ಜೆ ಲೆಕ್ಕದಲ್ಲೇ ತೋರ್ಸಿ."

ಹನುಮಯ್ಯ ನಡೆದು ಗೂಟ ಇಟ್ಟರು. ಅಳತೆ ಟೇಪು ಹಿಡಿದೆ. ಮೂರು ಮೀಟರ್, ಮೇಲೆ ನಾಲ್ಕು ಬೆರಳು. ರೇಖಾ ಇಟ್ಟಳು. ಮೂರಕ್ಕೆ ಸರಿಯಾಗಿ. ಬೈರಣ್ಣ ಗೊಣಗುತ್ತಾ ಇಟ್ಟರು. ಅದೂ ಮೂರು.

ಮನೋಜ್ ಬಂದ. ನೆಲ ಕೂಡ ನೋಡದೆ ಸಲೀಸಾಗಿ ಹೆಜ್ಜೆ ಹಾಕಿ ಗೂಟ ನೆಟ್ಟ. ಮೂರು ಮುಕ್ಕಾಲು.

ಟೇಪು ನನ್ನ ಕೈಯಲ್ಲಿ ಹಾಗೇ ಉಳಿಯಿತು. ಆಗ ನನಗೆ ಹೊಳೆಯಿತು.

ಮೇಡಂ ಎಲ್ಲರನ್ನೂ ಅಂಕಣದ ಹತ್ತಿರ ಸೇರಿಸಿದರು.

"ನಂಗೆ ಕಬಡ್ಡಿ ಗೊತ್ತಿಲ್ಲ. ಮನೆ ಮುಂದೆ ರಂಗೋಲಿ ಹಾಕಿ ಗೊತ್ತು. ಎರಡು ಕಡೆ ಸಮ ಇಲ್ಲ ಅಂದ್ರೆ ಕಣ್ಣಿಗೆ ಚುಚ್ಚುತ್ತೆ. ಬೆಳಿಗ್ಗೆ ಇದನ್ನ ನೋಡ್ದಾಗ್ಲೇ ಚುಚ್ತು. ಒಣಗಿರೋ ಅರ್ಧದಲ್ಲಿ ಬಾಕ್ ಲೈನ್ ಮೂರು ಮೀಟರಿಗಿದೆ. ಹಸಿ ಅರ್ಧದಲ್ಲಿ ಮೂರು ಮುಕ್ಕಾಲಿಗಿದೆ. ಹನುಮಯ್ಯ, ನೀವು ಹಾಕಿದ್ದು ಯಾರ ಅಂಕಣ?"

"ಹೆಂಗಸ್ರದ್ದು ಮೇಡಂ. ಎರಡ್ ಕಡೇನೂ ಮೂರೇ." ಅವರು ಬಗ್ಗಿ ನೋಡಿದರು. "ಇದು ನಾನ್ ಹಾಕಿದ್ ಗೆರೆ ಅಲ್ಲ."

"ಅಲ್ಲ. ಗಂಗಾಧರಯ್ಯ ಸತ್ತಿದ್ದು ಶೆಡ್ಡಲ್ಲಲ್ಲ, ಇಲ್ಲಿ. ರಕ್ತ ಗೆರೆಗಳ ಮೇಲೆ ಹರೀತು. ಕೊಂದವನು ಹೆಣ ಶೆಡ್ಡಿಗೆ ಎಳ್ದ, ಈ ಅರ್ಧಕ್ಕೆ ನೀರು ಸುರ್ದು ಗುಡಿಸ್ದ. ಗೆರೆ ಅಳ್ಸೋಯ್ತು. ಗೆರೆ ಇಲ್ದಿದ್ರೆ ಅನುಮಾನ ಬರತ್ತೆ ಅಂತ ಪಕ್ಕದಲ್ಲೇ ಇದ್ದ ಸುಣ್ಣ ತಗೊಂಡು ಮತ್ತೆ ಹಾಕ್ದ. ಗಡಿಬಿಡೀಲಿ ಟೇಪು ಹುಡುಕ್ಲಿಲ್ಲ. ಕಾಲಿಗೆ ಅಭ್ಯಾಸ ಇದ್ದ ಅಳತೇಲೇ ಹಾಕ್ದ. ಗಂಡಸರ ಅಳತೆ."

ಅವರು ನನ್ನತ್ತ ನೋಡಿದರು. ಕೋಪ ಇರಲಿಲ್ಲ. "ಮಹೇಶ್ ಈ ಅರ್ಧದಲ್ಲೇ ನಿಂತು, ಸರಿಯಾಗಿದೆ ಅಂದ್ರು. ಅವರ ಕಾಲಿಗೂ ಅದೇ ಅಭ್ಯಾಸ. ಆಗ್ಲೇ ನಂಗೆ ಅನ್ನಿಸ್ತು, ಇದನ್ನ ಹಾಕಿದೋನು ಗಂಡಸರ ಆಟ ಬಿಟ್ಟು ಬೇರೆ ಕಾಣದೋನು. ರೇಖಾ ಹನ್ನೊಂದು ವರ್ಷ ಹೆಂಗಸರ ಅಂಕಣ ಹಾಕ್ಸಿದಾರೆ. ಬೈರಣ್ಣ ರೆಫರಿ, ಎರಡೂ ಗೊತ್ತು. ಉಳ್ದಿದ್ದು ಒಬ್ರೇ. ಹೆಂಗಸರ ತಂಡಕ್ಕೆ ಕೋಚ್ ಆಗಿ ನೇಮಕ ಆದ ಮನೋಜ್."

ಮೊದಲು ಮಾತಾಡಿದ್ದು ಬೈರಣ್ಣ. ಅವರ ದೃಷ್ಟಿ ಆ ಹಸಿ ಮಣ್ಣಿನ ಗೆರೆಯ ಮೇಲಿತ್ತು.

"ಪ್ರಾಕ್ಟಿಕಲ್ಲಲ್ಲೂ ಇದನ್ನೇ ಮಾಡ್ದ," ಎಂದರು. "ಹೆಂಗಸರ ಅಂಕಣ ಹಾಕು ಅಂದ್ರೆ ಮೂರು ಮುಕ್ಕಾಲಿಗೆ ಹಾಕ್ದ. ಸೊನ್ನೆ ಕೊಟ್ಟಿದ್ರು. ಆ ಸೊನ್ನೆ ಮುಚ್ಚಿ, ಹೊಸ ಪಟ್ಟಿ ಮಾಡ್ಸಿ, ಒಂಬತ್ತು ಹಾಕ್ಸಿದ್ದು ನಾನು. ಗಂಗಾಧರಯ್ಯ ಹಳೇದನ್ನ ಹರಿದ್ಹಾಕ್ತೀನಿ ಅಂದಿದ್ದ. ಹರೀಲಿಲ್ಲ." ಆಮೇಲೆ ಅಳಿಯನನ್ನು ನೋಡಿದರು. "ಕೆಲಸಕ್ಕೆ ಬಂದ ಮೇಲಾದ್ರೂ ಕಲೀಬೇಕಾಗಿತ್ತಲ್ಲೋ. ಒಂದು ತಿಂಗ್ಳು ಇತ್ತಲ್ಲೋ ನಿಂಗೆ."

ಮನೋಜ್ ಅವರತ್ತ ತಿರುಗಿದ. "ಪೇಪರ್ ಕೊಟ್ಬಿಡಿ ಅಂತ ಕೈ ಮುಗ್ದೆ ಮಾಮ. ದಿನಾ ಬಂದಂಗೆ ಬ್ಯಾಗ್ ಹಿಡ್ಕೊಂಡೇ ವಾಕಿಂಗ್ ಬಂದಿದ್ರು. ಕೊಡಲ್ಲ ಅಂದ್ರು. ಹನ್ನೊಂದು ವರ್ಷ ಆ ಹೆಣ್ಮಗಳನ್ನ ನೋಡಿದೀನಿ, ನಂಗೆ ನಿದ್ದೆ ಬರ್ತಿಲ್ಲ ಅಂದ್ರು. ಬೆನ್ನು ತಿರುಗ್ಸಿ ಹೊರಟ್ರು. ಸುತ್ತಿಗೆ ಅಲ್ಲೇ ಬಿದ್ದಿತ್ತು."

ಅವನ ಕಾರಿನ ಡಿಕ್ಕಿಯಲ್ಲಿ ರಕ್ತದ ಟೀ ಶರ್ಟು, ಸುಣ್ಣ ಮೆತ್ತಿದ ಶೂ ಸಿಕ್ಕವು. ಅಂಕಪಟ್ಟಿ ಸಿಗಲಿಲ್ಲ. ಹೊರಗೆ ಹೋಗಿ ಬಟ್ಟೆ ಬದಲಿಸಿ ಮತ್ತೆ ಬರುವ ದಾರಿಯಲ್ಲಿ ಅದನ್ನು ಚೂರು ಮಾಡಿ ಮೋರಿಗೆ ಹಾಕಿದ್ದನಂತೆ. ಬೈರಣ್ಣನವರನ್ನೂ ಅದೇ ಜೀಪಿನಲ್ಲಿ ಕೂರಿಸಿದೆವು. ನನಗೆ ಆಟ ಕಲಿಸಿದ ಮನುಷ್ಯನ ತೋಳು ಹಿಡಿದು ಹತ್ತಿಸಿದ್ದು ನಾನೇ. ಅವರ ಮೇಲೆ ಸಿಟ್ಟು ಬಂದಿತ್ತು, ದುಃಖವೂ ಆಗಿತ್ತು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ರೇಖಾ ನಲ್ಲಿಯ ಕೆಳಗೆ ಕೈ ತೊಳೆದುಕೊಂಡಳು. ರುದ್ರಮ್ಮನನ್ನು ಒಳಗೆ ಬಿಟ್ಟರು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ವಿಶ್ವವಿದ್ಯಾಲಯ ಇಡೀ ಆಯ್ಕೆಪಟ್ಟಿಯನ್ನೇ ರದ್ದು ಮಾಡಿತು. ಮೂಲ ಅಂಕಪಟ್ಟಿ ಇಲ್ಲದ್ದರಿಂದ ಯಾರು ಮೊದಲು ಎಂದು ನಿರ್ಧರಿಸಲಾಗದು ಎಂದು ಆದೇಶದಲ್ಲಿ ಬರೆದಿದ್ದರು. ಹೊಸ ಅಧಿಸೂಚನೆ ಬಂದಾಗ ರೇಖಾಳಿಗೆ ನಲವತ್ತು ತುಂಬಿ ಐದು ತಿಂಗಳಾಗಿತ್ತು.

ನನಗೆ ತಡೆಯಲಾಗದೆ ರೇಖಾಳಿಗೆ ಫೋನ್ ಮಾಡಿದೆ.

"ವಯಸ್ಸಿನ ವಿನಾಯಿತಿ ಕೊಡಕ್ಕೆ ಅವಕಾಶ ಇದೆಯಂತೆ ಮೇಡಂ. ಸೆಕ್ರೆಟೇರಿಯಟ್‌ನಲ್ಲಿ ನಮ್ಮ ಹಳೇ ತಂಡದ ಪ್ರಮೋದ್ ಇದಾನೆ, ದೊಡ್ಡ ಜಾಗದಲ್ಲಿ. ನಾನೊಂದು ಮಾತು ಹೇಳ್ತೀನಿ."

ಆ ಕಡೆ ಹುಡುಗಿಯರ ಕೂಗು ಕೇಳುತ್ತಿತ್ತು. ಅತಿಥಿ ಕೋಚ್ ಕೆಲಸ ಇನ್ನೂ ಏಪ್ರಿಲ್‌ವರೆಗೆ ಇತ್ತಲ್ಲ.

"ಬೇಡ ಸಾರ್," ಎಂದಳು ರೇಖಾ. "ನಿಮ್ಮ ಮನಸ್ಸು ಒಳ್ಳೇದು. ಆದ್ರೆ ಅಂಥ ಒಂದು ಮಾತಿಂದಾನೇ ಗಂಗಾಧರಯ್ಯನವರು ಹೋಗಿದ್ದು."

ಅವಳು ಎಲ್ಲರಂತೆ ಅರ್ಜಿ ಹಾಕಿದಳು. ಹತ್ತನೇ ದಿನಕ್ಕೆ ವಯೋಮಿತಿ ಮೀರಿದೆ ಎಂಬ ಒಕ್ಕಣೆಯೊಂದಿಗೆ ಅದು ವಾಪಸ್ ಬಂತು.